ಬೆರಳಿಗೆ ಬಂದ ಬುರುಡೆ



ನಮ್ಮ ಕೆಲಮಂಗಲದಿಂದ ಆನೇಕಲ್ ಕಡೆಗೆ ಹೊರಟಾಗ ರಸ್ತೆಬದಿಯ ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಕಟ್ಟಿದ ತಗಡಿನ ಫಲಕಗಳನ್ನು ನೀವು ನೋಡಿರುತ್ತೀರಿ. ಗಡಿಯ ಈಚೆಗೆ ತಮಿಳಿನಲ್ಲಿ 'ಅಪಾಯಂ', ಆಚೆಗೆ ಕನ್ನಡದಲ್ಲಿ 'ಅಪಾಯ'. ಅಕ್ಷರ ಬದಲಾಗುತ್ತದೆ, ಜೊತೆಗಿರುವ ತಲೆಬುರುಡೆ ಮತ್ತು ಎರಡು ಎಲುಬು ಮಾತ್ರ ಬದಲಾಗುವುದಿಲ್ಲ. 1956ರ ವಿದ್ಯುತ್ ನಿಯಮಗಳಲ್ಲಿಯೇ ಆ ಚಿತ್ರ ಇರಬೇಕೆಂದು ವಿಧಿಸಲಾಗಿತ್ತು. ಓದು ಬಾರದವನಿಗೂ ಸಾವು ಅರ್ಥವಾಗಬೇಕಲ್ಲ!

ಆ ಬುರುಡೆ ಈಗ ನಮ್ಮ ಹುಡುಗರ ಬೆರಳಿಗೆ ಬಂದಿದೆ. ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮೊಮ್ಮಗ ಒಂದು ದಿನ ಸ್ಟೀಲಿನ ಬುರುಡೆ ಉಂಗುರ ಹಾಕಿಕೊಂಡು ಮನೆಗೆ ಬಂದ. "ಅದೇನೋ ಮಸಣದ ಸಾಮಾನು, ತೆಗೆದು ಬಿಸಾಕು" ಎಂದು ಅಕ್ಕ ಕೂಗಾಡಿದಳು. "ಮಿಲಿಟರಿ ಸ್ಟೈಲು ತಾತಾ, ಅಜ್ಜಿಗೆ ಹೇಳಿ" ಎಂದು ಅವನು ನನ್ನ ಮುಖ ನೋಡಿದ. ನಾನು ಅಕ್ಕನ ಪಕ್ಷವನ್ನೇ ವಹಿಸಿದೆ. ಬ್ಯಾಂಕಿನಲ್ಲಿ ಒಡವೆ ಸಾಲದ ಕೌಂಟರಿನಲ್ಲಿ ವರ್ಷಗಟ್ಟಲೆ ಕುಳಿತವನು ನಾನು. ತಾಳಿ, ಗುಂಡು, ಓಲೆ, ಕಾಸಿನ ಸರ, ಮಗುವಿನ ಸೊಂಟದ ದಾರದ ಬೆಳ್ಳಿ, ಎಲ್ಲವನ್ನೂ ತೂಗಿಸಿ ಬರೆದುಕೊಂಡಿದ್ದೇನೆ. ಬುರುಡೆಯನ್ನು ಒಬ್ಬರೂ ತಂದವರಿಲ್ಲ.

ಆದರೆ ಮಿಲಿಟರಿ ಎಂದ ಅವನ ಮಾತು ಸುಳ್ಳಲ್ಲ ಎಂದು ಆಮೇಲೆ ಓದಿ ತಿಳಿದುಕೊಂಡೆ. ಪ್ರಷ್ಯಾ ದೇಶದ ದೊರೆ ಎರಡನೆಯ ಫ್ರೆಡರಿಕ್‌ನ ಕಾಲದಲ್ಲಿ, 1741ರಲ್ಲಿ, ಕಟ್ಟಿದ ಒಂದು ಕುದುರೆ ದಳದವರು ಕರಿಯ ಉಡುಪು ತೊಟ್ಟು ಟೋಪಿಯ ಮೇಲೆ ಬುರುಡೆ ಧರಿಸುತ್ತಿದ್ದರು. ಇಂಗ್ಲೆಂಡಿನಲ್ಲಿ 1759ರಲ್ಲಿ ಜಾನ್ ಹೇಲ್ ಎಂಬ ಕರ್ನಲ್ ಇನ್ನೊಂದು ದಳ ಕಟ್ಟಿದ. ಕೆನಡಾದ ಕ್ವಿಬೆಕ್ ಯುದ್ಧದಲ್ಲಿ ಗೆದ್ದು ಅಲ್ಲಿಯೇ ಪ್ರಾಣಬಿಟ್ಟ ಸೇನಾಪತಿ ವುಲ್ಫ್‌ನ ಸುದ್ದಿಯನ್ನು ಲಂಡನ್ನಿಗೆ ತಂದವನು ಈತನೇ. ಸತ್ತ ಸೇನಾಪತಿಯ ನೆನಪಿಗೆ ಬುರುಡೆಯನ್ನು ತನ್ನ ದಳದ ಲಾಂಛನವಾಗಿಟ್ಟು, ಅದರ ಕೆಳಗೆ 'ಇಲ್ಲವೇ ಕೀರ್ತಿ' ಎಂಬರ್ಥದ ಮಾತನ್ನು ಬರೆಸಿದ. ಸಾವು ಎಂಬ ಪದವನ್ನು ಬರೆಯಲಿಲ್ಲ, ಅದರ ಜಾಗದಲ್ಲಿ ಬುರುಡೆಯೇ ಇದೆ. ಮುಂದೆ 17ನೆಯ ಲ್ಯಾನ್ಸರ್ಸ್ ಎನಿಸಿಕೊಂಡ ಈ ದಳ 1857ರ ದಂಗೆಯನ್ನು ಅಡಗಿಸಲು ನಮ್ಮ ದೇಶಕ್ಕೂ ಬಂದಿತ್ತು. 1799ರ ಮಾರ್ಚ್‌ನಲ್ಲಿ ಟಿಪ್ಪುವಿನ ಮೇಲೆ ಹೊರಟ ಜನರಲ್ ಹ್ಯಾರಿಸ್‌ನ ಸೈನ್ಯ ರಾಯಕೋಟೆ ದಾಟಿ ಇದೇ ಕೆಲಮಂಗಲದಲ್ಲಿ ಬಿಡಾರ ಹೂಡಿತ್ತಲ್ಲ, ಅದರಲ್ಲಿ ಈ ದಳ ಇರಲಿಲ್ಲ. ನಮ್ಮ ಊರು ಬುರುಡೆ ಟೋಪಿ ನೋಡದೆ ಬಚಾವಾಯಿತು ಎನ್ನೋಣ.

ಇಲ್ಲಿಯವರೆಗೆ ಬುರುಡೆ ಹೇಳುತ್ತಿದ್ದುದು 'ನಾನು ಸಾಯಲು ಸಿದ್ಧ' ಎಂದು, ಅಥವಾ 'ನಮ್ಮವನೊಬ್ಬ ಸತ್ತಿದ್ದಾನೆ, ಮರೆತಿಲ್ಲ' ಎಂದು. ಹಿಟ್ಲರನ ಎಸ್.ಎಸ್. ಪಡೆಯ ಕೈಗೆ ಬಂದಾಗ ಅದರ ನುಡಿ ತಿರುಗಿತು. ಲಕ್ಷಗಟ್ಟಲೆ ನಿರಪರಾಧಿಗಳನ್ನು ಕೂಡಿಹಾಕಿ ಕೊಂದ ಶಿಬಿರಗಳನ್ನು ಕಾಯಲು ಬುರುಡೆಯ ಹೆಸರಿನದೇ ಪಡೆಗಳಿದ್ದವು. ಅವರ ಮುಖ್ಯಸ್ಥ ಹಿಮ್ಲರ್ ತನಗೆ ಬೇಕಾದವರಿಗೆ ಬುರುಡೆ ಕೆತ್ತಿದ ಬೆಳ್ಳಿ ಉಂಗುರ ಕೊಡುತ್ತಿದ್ದ. ತೊಟ್ಟವನು ಸತ್ತರೆ ಉಂಗುರ ಹಿಂದಕ್ಕೆ ಬರಬೇಕೆಂಬ ಕಟ್ಟಳೆ ಬೇರೆ! ಅಲ್ಲಿ ಬುರುಡೆಯ ಅರ್ಥ 'ನೀನು ಸಾಯುತ್ತೀಯ' ಎಂಬುದಷ್ಟೇ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮೋಟಾರ್ ಸೈಕಲ್ ಗುಂಪುಗಳು, ಆಮೇಲೆ ಪಾಶ್ಚಾತ್ಯ ಹಾಡುಗಾರರು ಬುರುಡೆ ತೊಟ್ಟರು. ಅಲ್ಲಿಂದ ಅದು ಎಲ್ಲರಿಗೂ ಸಿಗುವ ಸರಕಾಯಿತು.

ನಮ್ಮಲ್ಲಿ ಬುರುಡೆ ಇಲ್ಲವೇ ಎಂದು ನೀವು ಕೇಳಬಹುದು. ತಮಿಳಿನಲ್ಲಿ ಅದನ್ನು 'ಮಂಡೈ ಓಡು' ಎನ್ನುತ್ತಾರೆ. ಮಂಡೆಯೂ ನಮ್ಮ ಮಾತೇ, ಓಡೂ ನಮ್ಮ ಮಾತೇ. ಶಿವನು ಬ್ರಹ್ಮನ ತಲೆ ಕಿತ್ತ ಪಾಪಕ್ಕೆ ಕಪಾಲವು ಅವನ ಕೈಗೇ ಅಂಟಿಕೊಂಡಿತು, ಅದನ್ನೇ ಭಿಕ್ಷೆಯ ಓಡಾಗಿ ಹಿಡಿದು ಮನೆ ಮನೆ ತಿರುಗಿದ ಎಂಬ ಕಥೆ ನಿಮಗೆ ಗೊತ್ತು. ವೀರಭದ್ರನ ಕೊರಳಲ್ಲಿ ರುಂಡಮಾಲೆಯುಂಟು. ಆದರೆ ಅವು ದೇವರಿಗೆ ಸಂದವು, ಸಂಸಾರಿಗಲ್ಲ. ನಮ್ಮ ಸೈನಿಕನಿಗೆ ಸಂದದ್ದು ವೀರಗಲ್ಲು. ಈ ಸೀಮೆಯ ಕೆರೆಯ ಏರಿಗಳ ಮೇಲೆ, ಹೊಲಗಳ ಬದುವಿನಲ್ಲಿ ಎಷ್ಟು ನಿಂತಿಲ್ಲ! ಕೃಷ್ಣಗಿರಿಯ ವಸ್ತುಸಂಗ್ರಹಾಲಯದಲ್ಲೂ ಇವೆ. ದನ ಬಿಡಿಸಲು ಹೋಗಿ ಸತ್ತವನು ಅಲ್ಲಿ ಕತ್ತಿ ಹಿಡಿದು ನಿಂತೇ ಇದ್ದಾನೆ. ಮೈಗೆ ಬಾಣ ನಾಟಿರಬಹುದು, ಮುಖ ಮಾತ್ರ ಮನುಷ್ಯನ ಮುಖ. ಕೆಲವು ಕಲ್ಲುಗಳಲ್ಲಿ ಅಪ್ಸರೆಯರು ಅವನ ಕೈಹಿಡಿದು ಮೇಲಕ್ಕೆ ಒಯ್ಯುತ್ತಾರೆ. ನಮ್ಮ ಹಿರಿಯರು ಸತ್ತ ವೀರನನ್ನು ಎಲುಬಾಗಿ ತೋರಿಸಲಿಲ್ಲ. ನನಗೆ ಈಗಲೂ ಇದೇ ಹೆಚ್ಚು ಹಿಡಿಸುತ್ತದೆ.

ಇಷ್ಟೆಲ್ಲ ತಿಳಿದುಕೊಂಡು, ಹುಡುಗನನ್ನು ಕೂರಿಸಿ ಹಿಮ್ಲರನ ಕಥೆ ಹೇಳಿದೆ. ಅವನು ಸುಮ್ಮನೆ ಕೇಳಿ, "ತಾತಾ, ನಾವು ಮೂರು ಜನ ಒಟ್ಟಿಗೆ ತಗೊಂಡಿದ್ದು. ಒಬ್ಬ ಹೋದನಲ್ಲ" ಎಂದ. ಅವನ ಗೆಳೆಯನೊಬ್ಬ ರಾತ್ರಿ ಪಾಳಿ ಮುಗಿಸಿ ಬರುವಾಗ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ್ದು ನನಗೆ ಗೊತ್ತಿತ್ತು. ಉಂಗುರದ ಸಂಗತಿ ಗೊತ್ತಿರಲಿಲ್ಲ. ಆ ಉಂಗುರವೇ ಅವನನ್ನು ತಿಂದಿತು ಎಂದು ಅಕ್ಕ ಇನ್ನಷ್ಟು ಹೆದರಿದಳು. ನಾನೇನು ಹೇಳಲಿ? ಯೂರೋಪಿನಲ್ಲಿ ಹದಿನೇಳನೆಯ ಶತಮಾನದಲ್ಲಿ ಸತ್ತವರ ಹೆಸರು, ತಾರೀಕು ಕೆತ್ತಿಸಿದ ಬುರುಡೆ ಉಂಗುರಗಳನ್ನು ನಂಟರಿಷ್ಟರಿಗೆ ಹಂಚುತ್ತಿದ್ದರಂತೆ. ಅದನ್ನು ಓದಿದ್ದೆ. ನಮ್ಮ ಹುಡುಗ ಓದಿರಲಿಲ್ಲ, ಮಾಡಿದ್ದು ಮಾತ್ರ ಅದನ್ನೇ.

ಗೆಳೆಯನ ವರ್ಷದ ತಿಥಿಗೆ ಅಕ್ಕನೂ ನಾನೂ ಅವನ ಜೊತೆ ಹೋದೆವು. ದಾರಿಯುದ್ದಕ್ಕೂ ಅಕ್ಕ, "ಆ ತಾಯಿಯ ಕಣ್ಣಿಗೆ ಬೀಳದಂತೆ ಜೇಬಿಗೆ ಹಾಕ್ಕೋ" ಎನ್ನುತ್ತಲೇ ಇದ್ದಳು. ಅವನು ತೆಗೆಯಲಿಲ್ಲ. ಊಟ ಬಡಿಸುವಾಗ ಆಕೆ ಕಂಡೇಬಿಟ್ಟರು. ಸಾಂಬಾರಿನ ಸೌಟು ಕೆಳಗಿಟ್ಟು ಅವನ ಕೈ ಹಿಡಿದು ನೋಡಿದರು. ಒಳಗೆ ಹೋಗಿ ಟ್ರಂಕಿನಿಂದ ಕಾಗದದ ಪೊಟ್ಟಣವೊಂದನ್ನು ತಂದರು. ಆಸ್ಪತ್ರೆಯಲ್ಲಿ ಮಗನ ಬೆರಳಿನಿಂದ ತೆಗೆದು ಕೊಟ್ಟಿದ್ದ ಉಂಗುರ ಅದು.

"ಇನ್ನೊಂದು ಯಾರ ಹತ್ರ ಇದೆಯಪ್ಪಾ? ಆ ಹುಡುಗನ್ನೂ ಒಂದ್ಸಲ ಕರ್ಕೊಂಡು ಬಾ" ಎಂದರು.

ಅಂದಿನಿಂದ ಅಕ್ಕ ಉಂಗುರದ ಮಾತೆತ್ತಿಲ್ಲ.