ಕರಾರಿನಲ್ಲಿ ಇಲ್ಲದ ಯುದ್ಧ



ಕೆಲವು ತಾರೀಖುಗಳಿಂದ ಶುರು ಮಾಡುತ್ತೇನೆ. 1914ರ ಜುಲೈ 28ರಂದು ಆಸ್ಟ್ರಿಯಾ-ಹಂಗೆರಿ ಸೆರ್ಬಿಯಾದ ಮೇಲೆ ಯುದ್ಧ ಸಾರಿತು. ಸೆರ್ಬಿಯಾದ ಬೆನ್ನಿಗೆ ರಷ್ಯಾ ಇತ್ತು, ಆಸ್ಟ್ರಿಯಾದ ಬೆನ್ನಿಗೆ ಜರ್ಮನಿ. ಜಗಳದ ಲೆಕ್ಕಕ್ಕೆ ಮುಂದೆ ಕಾದಾಡಬೇಕಾದವರು ಆಸ್ಟ್ರಿಯಾ ಮತ್ತು ರಷ್ಯಾ. ಆದರೆ ಆಗಸ್ಟ್ 1ಕ್ಕೆ ರಷ್ಯಾದ ಮೇಲೆ ಯುದ್ಧ ಸಾರಿದ್ದು ಜರ್ಮನಿ. 3ಕ್ಕೆ ಅದು ಫ್ರಾನ್ಸಿನ ಮೇಲೂ ಸಾರಿತು, 4ಕ್ಕೆ ಬೆಲ್ಜಿಯಂ ಗಡಿ ದಾಟಿತು, ಆ ರಾತ್ರಿಯೇ ಬ್ರಿಟನ್ ಕಣಕ್ಕಿಳಿಯಿತು. ಆಸ್ಟ್ರಿಯಾ ರಷ್ಯಾದ ಮೇಲೆ ಯುದ್ಧ ಸಾರಿದ್ದು ಆಗಸ್ಟ್ 6ಕ್ಕೆ. ದಿಬ್ಬಣ ಊರು ಸೇರಿ ಊಟಕ್ಕೆ ಕೂತಮೇಲೆ ಮದುಮಗ ಬಂದ ಹಾಗಾಯಿತು.

ಬಿ.ಎ. ತರಗತಿಯಲ್ಲಿ ನಾವೆಲ್ಲ ಮೊದಲ ಮಹಾಯುದ್ಧದ ಕಾರಣಗಳನ್ನು ಬರೆದವರೇ. ಸಾಮ್ರಾಜ್ಯಶಾಹಿ, ಉಗ್ರ ರಾಷ್ಟ್ರೀಯತೆ, ಶಸ್ತ್ರಾಸ್ತ್ರ ಪೈಪೋಟಿ, ರಹಸ್ಯ ಮೈತ್ರಿಗಳು. ಎರಡು ಕೂಟಗಳ ಹೆಸರು ಬರೆದು, ಒಬ್ಬರು ಇಳಿದಮೇಲೆ ಉಳಿದವರೂ ಇಳಿಯಲೇಬೇಕಿತ್ತು ಎಂದು ಮುಗಿಸಿದರೆ ಅಂಕ ಖಾತ್ರಿ. ಇಳಿಯಲೇಬೇಕಿತ್ತು ಎಂಬುದಕ್ಕೆ ನನ್ನ ತಕರಾರಿದೆ. ಕರಾರುಪತ್ರಗಳನ್ನು ಬಿಚ್ಚಿ ಓದಿದರೆ ಅಷ್ಟು ಬಿಗಿ ಅಲ್ಲಿ ಕಾಣುವುದಿಲ್ಲ.

1879ರ ಅಕ್ಟೋಬರಿನಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ಆಸ್ಟ್ರಿಯಾದೊಂದಿಗೆ ಮಾಡಿಕೊಂಡ ಒಪ್ಪಂದವನ್ನೇ ನೋಡಿ. ರಷ್ಯಾ ಇಬ್ಬರಲ್ಲಿ ಒಬ್ಬರ ಮೇಲೆ ದಾಳಿ ಮಾಡಿದರೆ ಇನ್ನೊಬ್ಬರು ಪೂರ್ಣ ಬಲದೊಂದಿಗೆ ನೆರವಿಗೆ ಬರಬೇಕು. ಬೇರೆ ಯಾರಾದರೂ ದಾಳಿ ಮಾಡಿದರೆ, ರಷ್ಯಾ ಅವರ ಜೊತೆ ಕೈಜೋಡಿಸದ ತನಕ, ತಟಸ್ಥವಾಗಿದ್ದರೆ ಸಾಕು. ಆಸ್ಟ್ರಿಯಾ ತಾನಾಗಿ ಬಾಲ್ಕನ್‌ಗೆ ನುಗ್ಗಿ ಜಗಳ ತಂದುಕೊಂಡರೆ ಜರ್ಮನಿಗೆ ಯಾವ ಹೊಣೆಯೂ ಇಲ್ಲ. ಬಿಸ್ಮಾರ್ಕ್‌ಗೆ ಬೇಕಿದ್ದದ್ದೂ ಅದೇ. ವಿಯೆನ್ನಾವನ್ನು ಕಾಪಾಡಬೇಕು, ಅದರ ಮೂಗುದಾರವೂ ತನ್ನ ಕೈಯಲ್ಲಿರಬೇಕು. 1888ರಲ್ಲಿ ಈ ಒಪ್ಪಂದದ ಪಾಠವನ್ನು ಅವನು ಪ್ರಕಟಿಸಿಯೂ ಬಿಟ್ಟ.

ಇದು ಯಾವಾಗ ಬದಲಾಯಿತು? ಯಾವ ಸಂಸತ್ತೂ ಬದಲಿಸಲಿಲ್ಲ, ಹೊಸ ಕರಾರಿಗೆ ಯಾರೂ ಸಹಿ ಹಾಕಲಿಲ್ಲ. ಇಬ್ಬರು ದಂಡನಾಯಕರ ನಡುವಿನ ಪತ್ರವ್ಯವಹಾರದಲ್ಲಿ ಬದಲಾಯಿತು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ನುಂಗಿತ್ತು, ಸೆರ್ಬಿಯಾ ಕುದಿಯುತ್ತಿತ್ತು. 1909ರ ಜನವರಿ 1ರಂದು ಆಸ್ಟ್ರಿಯಾದ ಸೇನಾ ಮುಖ್ಯಸ್ಥ ಕಾನ್ರಾಡ್, ಜರ್ಮನಿಯ ಸೇನಾ ಮುಖ್ಯಸ್ಥ ಮೋಲ್ಟ್‌ಕೆಗೆ ಬರೆದು, ನಾವು ಸೆರ್ಬಿಯಾಕ್ಕೆ ನುಗ್ಗಿ ರಷ್ಯಾ ಮಧ್ಯೆ ಬಂದರೆ ನೀವೇನು ಮಾಡುತ್ತೀರಿ ಎಂದು ಕೇಳಿದ. ಮೂರು ವಾರದಲ್ಲಿ ಉತ್ತರ ಬಂತು. ರಷ್ಯಾ ಸೈನ್ಯ ಜಮಾಯಿಸಿದ ಗಳಿಗೆಯಲ್ಲೇ ಜರ್ಮನಿ ತನ್ನ ಇಡೀ ಸೈನ್ಯವನ್ನು ಜಮಾಯಿಸುತ್ತದೆ. ಜರ್ಮನ್ ಚಕ್ರವರ್ತಿ ಕೈಸರ್ ಮತ್ತು ಚಾನ್ಸಲರ್ ಬ್ಯೂಲೊ ಇದನ್ನು ನೋಡಿ ಒಪ್ಪಿದ್ದರು. ಆತ್ಮರಕ್ಷಣೆಯ ಕರಾರಿಗೆ ಹೀಗೆ ದಾಳಿಯ ಬಾಲ ಅಂಟಿತು. 1914ರ ಜುಲೈ 5ರಂದು ಪಾಟ್ಸ್‌ಡ್ಯಾಮಿನಲ್ಲಿ ಆಸ್ಟ್ರಿಯಾದ ರಾಯಭಾರಿಗೆ ಕೈಸರ್ ಕೊಟ್ಟ ಬೆಂಬಲದ ಭರವಸೆಯನ್ನು ಖಾಲಿ ಚೆಕ್ ಎಂದು ಕರೆಯುವುದು ವಾಡಿಕೆ. ಆ ಚೆಕ್ ಪುಸ್ತಕ ಐದು ವರ್ಷ ಮೊದಲೇ ಅಚ್ಚಾಗಿತ್ತು ಎನ್ನುವುದು ನನ್ನ ಅಭಿಪ್ರಾಯ.

ಎದುರು ಪಾಳೆಯದಲ್ಲೂ ಇದೇ ಕಥೆ. ಫ್ರಾನ್ಸ್ ಗಣರಾಜ್ಯ, ರಷ್ಯಾ ನಿರಂಕುಶ ತ್ಸಾರ್‌ನ ರಾಜ್ಯ. ಜರ್ಮನಿಯ ಭಯ ಬಿಟ್ಟರೆ ಇಬ್ಬರಿಗೂ ಸಮಾನವಾದದ್ದು ಏನೂ ಇರಲಿಲ್ಲ. 1891ರಲ್ಲಿ ಫ್ರೆಂಚ್ ನೌಕಾಪಡೆ ರಷ್ಯಾದ ಕ್ರೋನ್‌ಸ್ಟಾಟ್‌ಗೆ ಬಂದಾಗ, ಕ್ರಾಂತಿಯ ಹಾಡಾದ ಮಾರ್ಸೆಯೇಸ್‌ಗೆ ತ್ಸಾರ್ ಮೂರನೇ ಅಲೆಕ್ಸಾಂಡರ್ ಟೋಪಿ ತೆಗೆದು ನಿಂತ. ಮರುವರ್ಷ ಉಭಯ ಸೇನೆಗಳ ಪರವಾಗಿ ಬ್ವಾದೆಫ್ರ್ ಮತ್ತು ಒಬ್ರೂಚೆಫ್ ಸಹಿ ಹಾಕಿದ ಒಪ್ಪಂದದ ಎರಡನೇ ಕಲಮು ಓದಬೇಕು. ಜರ್ಮನಿ, ಆಸ್ಟ್ರಿಯಾ, ಇಟಲಿಗಳ ತ್ರಿಮಿತ್ರ ಕೂಟದ ಯಾವುದೇ ಒಂದು ದೇಶ ಸೇನೆ ಜಮಾಯಿಸಿದ ಸುದ್ದಿ ಬಂದ ಕೂಡಲೇ, ಪರಸ್ಪರ ಸಮಾಲೋಚನೆಗೂ ಕಾಯದೆ, ಇಬ್ಬರೂ ತಮ್ಮೆಲ್ಲ ಬಲವನ್ನು ಏಕಕಾಲಕ್ಕೆ ಜಮಾಯಿಸಬೇಕು. ಮೂರನೇ ಕಲಮಿನಲ್ಲಿ ಜರ್ಮನಿಯ ವಿರುದ್ಧ ಇಳಿಸಬೇಕಾದ ಸೈನಿಕರ ಲೆಕ್ಕವಿದೆ: ಫ್ರಾನ್ಸ್ 13 ಲಕ್ಷ, ರಷ್ಯಾ 7ರಿಂದ 8 ಲಕ್ಷ. ಸೇನೆ ಜಮಾಯಿಸುವುದೆಂದರೆ ಯುದ್ಧ ಸಾರಿದಂತೆಯೇ ಎಂದು ಬ್ವಾದೆಫ್ರ್ ತ್ಸಾರ್‌ಗೆ ಆಗಲೇ ವಿವರಿಸಿದ್ದ. ರಾಜತಾಂತ್ರಿಕರಿಗೆ ಸೇನಾ ಜಮಾವಣೆ ಬೆದರಿಕೆಯ ಒಂದು ಮೆಟ್ಟಿಲು. ಸೇನಾಪತಿಗಳಿಗೆ ಅದೇ ಕೊನೆಯ ಮೆಟ್ಟಿಲು. ಈ ವ್ಯತ್ಯಾಸ ಇಪ್ಪತ್ತೆರಡು ವರ್ಷ ಕಾಗದದೊಳಗೇ ಮಲಗಿತ್ತು.

ಹಾಗಿದ್ದೂ ಈ ಮೈತ್ರಿಗಳು ಬಹುಕಾಲ ಯುದ್ಧವನ್ನು ತಡೆದಿದ್ದವು. ಇದನ್ನು ನಾವು ಮರೆಯುತ್ತೇವೆ. 1909ರಲ್ಲಿ ಬೋಸ್ನಿಯಾಕ್ಕಾಗಿ ಕಾದಾಡಲು ಫ್ರಾನ್ಸ್ ಒಪ್ಪಲಿಲ್ಲ, ರಷ್ಯಾ ಹಿಂದೆ ಸರಿಯಿತು. 1911ರಲ್ಲಿ ಮೊರಾಕ್ಕೊ ಬಿಕ್ಕಟ್ಟಿನಲ್ಲಿ ರಷ್ಯಾ ಅದೇ ಮಾತನ್ನು ಫ್ರಾನ್ಸಿಗೆ ತಿರುಗಿಸಿ ಹೇಳಿತು. 1913ರ ಬೇಸಿಗೆಯಲ್ಲಿ ಜರ್ಮನಿಯೂ ಇಟಲಿಯೂ ಆಸ್ಟ್ರಿಯಾದ ಕೈ ಹಿಡಿದು ತಡೆದವು. ಮಿತ್ರ ಬೇಡ ಎಂದಾಗಲೆಲ್ಲ ಯುದ್ಧ ತಪ್ಪಿತು. ಆದರೆ ಪ್ರತಿ ಬೇಡವೂ ಒಂದು ಬಾಕಿಯಾಗಿ ಉಳಿಯಿತು. ಇನ್ನೊಮ್ಮೆ ಕೈಬಿಟ್ಟರೆ ಇವನು ನಮ್ಮವನಾಗಿ ಉಳಿಯುವನೆ ಎಂಬ ಅಳುಕು ಬರ್ಲಿನ್, ಪ್ಯಾರಿಸ್, ಸೇಂಟ್ ಪೀಟರ್ಸ್‌ಬರ್ಗ್ ಮೂರೂ ಕಡೆ ಬೆಳೆಯಿತು. ಅದರಲ್ಲೂ ಬರ್ಲಿನ್‌ಗೆ ಆಸ್ಟ್ರಿಯಾ ಬಿಟ್ಟರೆ ನೆಚ್ಚಬಹುದಾದ ಇನ್ನೊಬ್ಬ ಮಿತ್ರನೇ ಇರಲಿಲ್ಲ. ಬಲಿಷ್ಠ ಮಿತ್ರ ದುರ್ಬಲನನ್ನು ನಡೆಸುತ್ತಾನೆ ಎಂದುಕೊಳ್ಳುತ್ತೇವೆ. 1914ರ ಜುಲೈನಲ್ಲಿ ದುರ್ಬಲನೇ ಬಲಿಷ್ಠನನ್ನು ಎಳೆದ.

ಕೊನೆಯ ನಾಲ್ಕು ದಿನಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜುಲೈ 29ರ ರಾತ್ರಿ ಪೀಟರ್ಸ್‌ಬರ್ಗಿನ ತಂತಿ ಕಚೇರಿಯಲ್ಲಿ ಜನರಲ್ ಡೊಬ್ರೊರೊಲ್‌ಸ್ಕಿ ಪೂರ್ಣ ಜಮಾವಣೆಯ ಆದೇಶ ಹಿಡಿದು ನಿಂತಿದ್ದಾನೆ. ತಂತಿ ಹೋಗಬೇಕು, ಅಷ್ಟರಲ್ಲಿ ಫೋನ್ ಬರುತ್ತದೆ. ಕೈಸರ್‌ನ ತಂತಿ ಓದಿದ ತ್ಸಾರ್ ನಿಕೊಲಾಸ್ ಮನಸ್ಸು ಬದಲಿಸಿದ್ದಾನೆ, ಆಸ್ಟ್ರಿಯಾದ ಎದುರಿಗಷ್ಟೇ ಭಾಗಶಃ ಜಮಾವಣೆ ಸಾಕಂತೆ. ಸೇನಾಧಿಕಾರಿಗಳಿಗೆ ತಲೆಬಿಸಿ. ಭಾಗಶಃ ಜಮಾವಣೆಗೆ ಸರಿಯಾದ ಯೋಜನೆಯೇ ಇಲ್ಲ. ಅದನ್ನು ಶುರು ಮಾಡಿದರೆ ರೈಲುಗಳ ವೇಳಾಪಟ್ಟಿ ಕೆಟ್ಟು ಮುಂದಿನ ಪೂರ್ಣ ಜಮಾವಣೆಯೂ ಕೆಡುತ್ತದೆ. ಮರುದಿನ ಮಧ್ಯಾಹ್ನ ವಿದೇಶಾಂಗ ಮಂತ್ರಿ ಸಜೊನೊಫ್ ಪೀಟರ್‌ಹಾಫ್‌ಗೆ ಹೋಗಿ ತ್ಸಾರ್‌ನನ್ನು ಒಪ್ಪಿಸಿದ. ಅನುಮತಿ ಸಿಕ್ಕರೆ ನನ್ನ ಫೋನನ್ನೇ ಒಡೆದುಹಾಕುತ್ತೇನೆ, ಇನ್ನೊಂದು ರದ್ದತಿ ಆದೇಶ ಬರಬಾರದು ಎಂದಿದ್ದ ಸೇನಾ ಮುಖ್ಯಸ್ಥ ಯನುಷ್ಕೆವಿಚ್. ಈಗ ಒಡೆಯಬಹುದು ಎಂದು ಸಜೊನೊಫ್ ಅದೇ ಫೋನಿನಲ್ಲಿ ತಿಳಿಸಿದ.

ಬರ್ಲಿನ್‌ನಲ್ಲಿ ಆಗಸ್ಟ್ 1ರ ಸಂಜೆ. ಫ್ರಾನ್ಸಿನ ಮೇಲೆ ಹೋಗದಿದ್ದರೆ ಬ್ರಿಟನ್ ತಟಸ್ಥವಾಗಿರಬಹುದು ಎಂಬ ಅರ್ಥ ಬರುವ ತಂತಿ ಲಂಡನ್ನಿನಲ್ಲಿದ್ದ ಜರ್ಮನ್ ರಾಯಭಾರಿ ಲಿಖ್ನೊವ್‌ಸ್ಕಿಯಿಂದ ಬಂತು. ಕೈಸರ್ ಹಿಗ್ಗಿ, ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿ ಎಂದ. ಸಾಧ್ಯವಿಲ್ಲ ಎಂದ ಮೋಲ್ಟ್‌ಕೆ. ಲಕ್ಷಾಂತರ ಜನರ ಸೈನ್ಯವನ್ನು ನಿಂತ ನಿಲುವಿನಲ್ಲಿ ತಿರುಗಿಸಿದರೆ ಕೈಗೆ ಸಿಗುವುದು ಅನ್ನಾಹಾರವಿಲ್ಲದ ಗುಂಪಷ್ಟೆ ಎಂಬುದು ಅವನ ವಾದ. ಪೂರ್ವಕ್ಕೆ ದೊಡ್ಡ ಸೇನೆ ಕಳಿಸುವ ಯೋಜನೆ ಜರ್ಮನಿಯಲ್ಲಿ ಇದ್ದೇ ಇತ್ತು. ಅದನ್ನು ವರ್ಷವರ್ಷ ಪರಿಷ್ಕರಿಸುವುದನ್ನು 1913ರಲ್ಲಿ ಇದೇ ಮೋಲ್ಟ್‌ಕೆ ನಿಲ್ಲಿಸಿದ್ದ. ಉಳಿದದ್ದು ಬೆಲ್ಜಿಯಂ ಮೂಲಕ ಮೊದಲು ಫ್ರಾನ್ಸಿನ ಮೇಲೆ ಹೋಗುವ ಯೋಜನೆ ಮಾತ್ರ. ಬಾಲ್ಕನ್‌ನ ಜಗಳಕ್ಕೆ ಮೊದಲ ಪೆಟ್ಟು ತಿಂದ ದೊಡ್ಡ ಊರುಗಳಲ್ಲಿ ಬೆಲ್ಜಿಯಂನ ಲಿಯೇಜ್ ಒಂದಾದದ್ದು ಹೀಗೆ. ಎರಡು ಕಡೆಯ ಮೈತ್ರಿಗೆ ಹೆದರಿದ ಸೇನೆ ಒಂದೇ ಕಡೆಯ ಯುದ್ಧ ಮಾಡುವ ದಾರಿಯನ್ನೇ ಮುಚ್ಚಿಕೊಂಡಿತ್ತು.

ಬ್ರಿಟನ್ನಿಗೆ ಫ್ರಾನ್ಸಿನ ಜೊತೆ ಯುದ್ಧದ ಕರಾರು ಇರಲೇ ಇಲ್ಲ. 1904ರ ಒಪ್ಪಂದ ಮುಖ್ಯವಾಗಿ ಈಜಿಪ್ಟ್, ಮೊರಾಕ್ಕೊಗಳ ಹಂಚಿಕೆ. 1907ರಲ್ಲಿ ರಷ್ಯಾದೊಂದಿಗೆ ಆದದ್ದು ಪರ್ಷಿಯಾ, ಅಫ್ಘಾನಿಸ್ತಾನ, ಟಿಬೆಟ್‌ಗಳ ಬಗ್ಗೆ. ಅದರ ಹಿಂದಿದ್ದ ಚಿಂತೆ ನಮ್ಮ ದೇಶವನ್ನು ಹಿಡಿದಿಟ್ಟುಕೊಳ್ಳುವುದು. 1912ರ ನವೆಂಬರಿನಲ್ಲಿ ಬ್ರಿಟಿಷ್ ವಿದೇಶಾಂಗ ಮಂತ್ರಿ ಗ್ರೇ ಮತ್ತು ಫ್ರೆಂಚ್ ರಾಯಭಾರಿ ಕಾಂಬೊ ಬದಲಾಯಿಸಿಕೊಂಡ ಪತ್ರಗಳು ಸೇನಾ ಮಾತುಕತೆಗಳು ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತವೆ. ಆದರೆ ಅಷ್ಟರೊಳಗೆ ಫ್ರೆಂಚ್ ನೌಕಾಪಡೆಯ ಬಲ ಮೆಡಿಟರೇನಿಯನ್‌ಗೆ ಹೋಗಿ, ಫ್ರಾನ್ಸಿನ ಉತ್ತರ ಕರಾವಳಿ ಬರಿದಾಗಿತ್ತು. ಪತ್ರ ಒಂದು ಹೇಳಿತು, ಹಡಗುಗಳು ನಿಂತ ಜಾಗ ಇನ್ನೊಂದು ಹೇಳಿತು. ಬೆಲ್ಜಿಯಂನ ತಟಸ್ಥತೆಗೆ ಖಾತರಿ ಕೊಟ್ಟ 1839ರ ಒಪ್ಪಂದವನ್ನು ಕೂಡ, ಪ್ರಶ್ನೆ ಬಂದರೆ ಅದು ಕಾನೂನಿನ ಬಾಧ್ಯತೆಗಿಂತ ನೀತಿಯ ವಿಷಯ ಎಂದೇ ಬ್ರಿಟಿಷ್ ಮಂತ್ರಿಮಂಡಲ ಜುಲೈ 29ರಂದು ನೋಡಿತ್ತು.

ಕರಾರು ನಿಜವಾಗಿ ಕಟ್ಟಿಹಾಕುವುದಾದರೆ ಇಟಲಿ ಮತ್ತು ರುಮೇನಿಯಾ ಜರ್ಮನಿಯ ಪಕ್ಕದಲ್ಲಿರಬೇಕಿತ್ತು. ಇಟಲಿ 1882ರಿಂದ, ರುಮೇನಿಯಾ 1883ರಿಂದ ಆ ಕೂಟದವು. ಇಟಲಿ ತಟಸ್ಥವೆಂದಿತು, 1915ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ಗುಟ್ಟಾಗಿ ಬೇರೆ ಕರಾರು ಮಾಡಿಕೊಂಡು ಮೇ ತಿಂಗಳಲ್ಲಿ ಆಸ್ಟ್ರಿಯಾದ ಮೇಲೆಯೇ ಬಿತ್ತು. ರುಮೇನಿಯಾ 1916ರಲ್ಲಿ ಅದೇ ದಾರಿ ಹಿಡಿಯಿತು. ಬರೆದುಕೊಟ್ಟವರು ತಪ್ಪಿಸಿಕೊಂಡರು, ಬರೆದುಕೊಡದ ಬ್ರಿಟನ್ ಬಂತು.

ಯುದ್ಧ ಯುರೋಪಿನಾಚೆಗೆ ಹಬ್ಬಿದ ಬಗೆಯಲ್ಲಿ ನಮಗೂ ಪಾಲಿದೆ. ಭಾರತವನ್ನು ಯಾರೂ ಕೇಳಲಿಲ್ಲ, ಬ್ರಿಟನ್ ಸಾರಿದ ಯುದ್ಧ ಇಲ್ಲಿಗೂ ತಾನಾಗಿ ಅನ್ವಯಿಸಿತು. ಆಗಸ್ಟ್ 2ರಂದು ಜರ್ಮನಿ ತುರ್ಕಿಯೊಂದಿಗೆ ಗುಟ್ಟಿನ ಕರಾರು ಮಾಡಿಕೊಂಡಿತ್ತು. ತುರ್ಕಿ ಸುಮಾರು ಮೂರು ತಿಂಗಳು ಕಾದು ಅಕ್ಟೋಬರ್ ಕೊನೆಗೆ ಇಳಿಯಿತು, ಕೆಲವೇ ತಿಂಗಳಲ್ಲಿ ಸುಯೆಜ್ ಕಾಲುವೆ ರಣರಂಗವಾಯಿತು. ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಈಜಿಪ್ಟಿಗೆ ಹೋದದ್ದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಹೈಫಾ ಊರಿಗೆ ನುಗ್ಗಿದ್ದು ಈ ಸರಣಿಯಿಂದ. ಮೈಸೂರಿನ ಸವಾರನಿಗೂ ತುರ್ಕಿಯ ಸಿಪಾಯಿಗೂ ಯಾವ ಹಗೆ? ಹೈಫಾದ ಶೌರ್ಯವನ್ನು ಹೊಗಳುವ ಬರಹ ನಮ್ಮಲ್ಲಿ ಬೇಕಾದಷ್ಟಿದೆ. ಆ ಸವಾರರನ್ನು ಅಲ್ಲಿಗೆ ಒಯ್ದ ಕಾಗದಗಳ ಬಗ್ಗೆ ಕನ್ನಡದಲ್ಲಿ ಬರಹ ಸಾಲದು.

ಮಿತ್ರ ಬೇಡ ಎಂದಾಗಲೆಲ್ಲ ಯುದ್ಧ ತಪ್ಪಿತು ಎಂಬ ನನ್ನ ಮಾತಿಗೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ನಾನೇ ಮುಂದಿಡುತ್ತೇನೆ. 1938ರಲ್ಲಿ ಫ್ರಾನ್ಸಿಗೆ ಚೆಕೊಸ್ಲೊವಾಕಿಯಾದ ಜೊತೆ ಕರಾರಿತ್ತು. ಮ್ಯೂನಿಕ್‌ನಲ್ಲಿ ಅದನ್ನು ಕೈಬಿಟ್ಟಿತು. ಮರುವರ್ಷವೇ ಯುದ್ಧ ಬಂತು. ಮಿತ್ರನಿಗೆ ಬೇಡ ಎನ್ನುವುದೇ ಶಾಂತಿಯ ದಾರಿಯಲ್ಲ ಎನ್ನುವವರ ಮಾತು ಸರಿ. ಆದರೆ ಹಿಟ್ಲರ್‌ಗೆ ಯುದ್ಧ ಬೇಕಿತ್ತು. 1914ರಲ್ಲಿ ಬಹುಪಾಲು ಎಲ್ಲರೂ ಸಣ್ಣ ಯುದ್ಧವೊಂದನ್ನು ಗೆಲ್ಲಲು ಅಥವಾ ತಡೆಯಲು ಹೊರಟು ದೊಡ್ಡದನ್ನು ತಂದುಕೊಂಡರು. ಎರಡಕ್ಕೂ ಒಂದೇ ಮದ್ದು ಹುಡುಕುವುದು ಸರಿಯಲ್ಲ. ಇವತ್ತಿನ ನೇಟೋ ಬಗ್ಗೆ ನಾಳೆ ಒಂದು ಗೋಷ್ಠಿಯಿದೆ. ಅದರ 1949ರ ಒಪ್ಪಂದದ ಐದನೇ ಕಲಮು ಕೂಡ ಪ್ರತಿ ಸದಸ್ಯ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಳ್ಳಲಿ ಎಂದಷ್ಟೇ ಹೇಳುತ್ತದೆ. ಕಲಮಿನ ಜೊತೆಗೆ ಪಡೆಗಳು ಎಲ್ಲಿ ನಿಂತಿವೆ, ಯಾರ ಆದೇಶದಲ್ಲಿ ನಿಂತಿವೆ ಎಂಬುದನ್ನೂ ಅಲ್ಲಿ ಚರ್ಚಿಸಬೇಕು.

ಮೊದಲ ಗೋಷ್ಠಿ ಬಾಲ್ಕನ್ ಬಿಕ್ಕಟ್ಟುಗಳ ಮೇಲಿದೆ. ಪ್ರಬಂಧ ಮಂಡಿಸುವವರಿಗೆ ನನ್ನದೊಂದು ಪ್ರಶ್ನೆ. 1913ರ ಬೇಸಿಗೆಯಲ್ಲಿ ಬರ್ಲಿನ್ ವಿಯೆನ್ನಾಕ್ಕೆ ಬೇಡ ಅಂದಿತು, 1914ರ ಬೇಸಿಗೆಯಲ್ಲಿ ಹೂಂ ಅಂದಿತು. ನಡುವೆ ಅವರಿಬ್ಬರ ಕರಾರಿನ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಏನು? ಅರ್ಧ ಉತ್ತರ ನನ್ನ ಬಳಿ ಇದೆ. 1917ಕ್ಕೆ ಮುಗಿಯಬೇಕಿದ್ದ ರಷ್ಯಾದ ಸೇನಾ ವಿಸ್ತರಣೆ ಜರ್ಮನ್ ಸೇನಾಪತಿಗಳ ನಿದ್ದೆ ಕೆಡಿಸಿತ್ತು. ವಿಯೆನ್ನಾದಲ್ಲಿ ಸೆರ್ಬಿಯಾದೊಂದಿಗೆ ಯುದ್ಧ ಬೇಡವೆಂದು ಹಟ ಹಿಡಿಯಬಲ್ಲ ದೊಡ್ಡ ಮನುಷ್ಯ ಯುವರಾಜ ಫ್ರಾನ್ಜ್ ಫರ್ಡಿನಾಂಡ್. ಯುದ್ಧಕ್ಕೆ ನೆಪವಾದ ಸರಾಯೆವೊದ ಕೊಲೆಯಲ್ಲಿ ಸತ್ತವನು ಅವನೇ. ಉಳಿದರ್ಧವನ್ನು ಗೋಷ್ಠಿಗೆ ಬಿಡುತ್ತೇನೆ.