ಹಡಗಿನ ಪಟ್ಟಿಯಲ್ಲಿ ಒಂದು ಹೆಸರು

(ಬಾನುಲಿ ಭಾಷಣ)



1860ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಮದರಾಸಿನಿಂದ ‘ಟ್ರೂರೊ’ ಎಂಬ ಹಡಗು ಹೊರಟಿತು. ನವೆಂಬರ್ 16ರಂದು ಅದು ದಕ್ಷಿಣ ಆಫ್ರಿಕದ ನೆಟಾಲ್ ವಸಾಹತಿನ ಡರ್ಬನ್ ಬಂದರನ್ನು ಮುಟ್ಟಿತು. ಕಬ್ಬಿನ ತೋಟಗಳ ದುಡಿಮೆಗೆಂದು ಕರಾರಿನ ಮೇಲೆ ಹೊರಟವರು, ಹೆಂಗಸರು ಮಕ್ಕಳೂ ಸೇರಿ, 342 ಮಂದಿ ಅದರಲ್ಲಿದ್ದರು. ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆಯನ್ನು ಕೊಟ್ಟು ಸರ್ಕಾರಿ ದಫ್ತರದಲ್ಲಿ ಬರೆದುಕೊಂಡರು. ಒಂದರಿಂದ ಆರಂಭವಾದ ಆ ಸಂಖ್ಯೆ, 1911ರಲ್ಲಿ ನೆಟಾಲಿಗೆ ಈ ಬಗೆಯ ವಲಸೆ ನಿಲ್ಲುವ ವೇಳೆಗೆ ಒಂದೂವರೆ ಲಕ್ಷವನ್ನು ದಾಟಿತ್ತು.

ಆ ದಫ್ತರಗಳು ಅಳಿಯದೆ ಉಳಿದಿವೆ. ಉಳಿದದ್ದು ಮಾತ್ರವಲ್ಲ, ಡರ್ಬನ್ನಿನ ವಿದ್ವಾಂಸರು ಹಲವು ವರ್ಷ ಶ್ರಮಿಸಿ ಅವನ್ನು ಗಣಕಯಂತ್ರಕ್ಕೆ ಇಳಿಸಿದ್ದಾರೆ. ಬೆಂಗಳೂರಿನ ಒಂದು ಮನೆಯ ಜಗುಲಿಯಲ್ಲಿ ಕುಳಿತವನೂ ಇಂದು ಅಂತರ್ಜಾಲದ ಮೂಲಕ ಆ ಸಾಲುಗಳನ್ನು ಓದಬಹುದು. ನಿವೃತ್ತಿಯ ನಂತರ ನನ್ನ ವಿರಾಮದ ಬಹುಭಾಗ ಈ ಓದಿನಲ್ಲಿ ಕಳೆಯುತ್ತಿದೆ. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದ ಕನ್ನಡದ ಮೇಷ್ಟರಿಗೆ ಹಡಗಿನ ಪಟ್ಟಿಯಲ್ಲಿ ಏನು ಕೆಲಸ ಎಂದು ಸ್ನೇಹಿತರು ಕೇಳುವುದುಂಟು. ಕೆಲಸವಿದೆಯೆಂದು ತೋರಿಸುವುದೇ ಈ ಹೊತ್ತಿನ ನನ್ನ ಉದ್ದೇಶ.

ಈ ಪಟ್ಟಿಗಳು ಹುಟ್ಟಿದ್ದು ಚರಿತ್ರೆಯ ಮೇಲಣ ಪ್ರೀತಿಯಿಂದಲ್ಲ. 1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿಯ ನಿಷೇಧ ಜಾರಿಗೆ ಬಂದಿತು. ತೋಟದ ಒಡೆಯರಿಗೆ ಆಳುಗಳು ಬೇಕಾದರು. ಅವರ ಕಣ್ಣು ಹಿಂದುಸ್ಥಾನದ ಕಡೆಗೆ ಹೊರಳಿತು. ಅದೇ ವರ್ಷ ‘ಅಟ್ಲಾಸ್’ ಎಂಬ ಹಡಗು ಮಾರಿಷಸ್ಸಿಗೆ 36 ಮಂದಿಯನ್ನು ಒಯ್ದಿತು. 1838ರಲ್ಲಿ ‘ವಿಟ್‌ಬಿ’, ‘ಹೆಸ್ಪೆರಸ್’ ಎಂಬ ಎರಡು ಹಡಗುಗಳು ಗಯಾನವನ್ನು ಸೇರಿದುವು. ಇದು ಗುಲಾಮಗಿರಿಯ ಇನ್ನೊಂದು ಹೆಸರು ಎಂಬ ಕೂಗೆದ್ದಾಗ ಸರ್ಕಾರ ಕೆಲಕಾಲ ಈ ವ್ಯವಹಾರವನ್ನು ತಡೆಹಿಡಿದು, 1842ರಲ್ಲಿ ಮಾರಿಷಸ್ಸಿನಿಂದ ಆರಂಭಿಸಿ ಮತ್ತೆ ತೆರೆಯಿತು. ಆಮೇಲೆ ಕಾಗದಪತ್ರಗಳು ಬೆಳೆದುವು. ಈತ ತನ್ನ ಇಚ್ಛೆಯಿಂದಲೇ ಹೊರಟಿದ್ದಾನೆ, ಆರೋಗ್ಯವಾಗಿದ್ದಾನೆ, ಕರಾರನ್ನು ಇವನಿಗೆ ತಿಳಿಯಹೇಳಲಾಗಿದೆ ಎಂದು ರುಜು ಮಾಡುವ ಅಧಿಕಾರಿಗಳು ನೇಮಕವಾದರು. ಅವರ ರುಜುವಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಬೇರೆ ವಿಚಾರ. ಗಿರಣಿಗೆ ಬಂದ ಕಬ್ಬಿನ ಲೆಕ್ಕವಿದ್ದಂತೆ ತೋಟಕ್ಕೆ ಬಂದ ಆಳಿನ ಲೆಕ್ಕವೂ ಇರಬೇಕಾಗಿತ್ತು, ಇಟ್ಟರು. ಫಿಜಿ ದ್ವೀಪಗಳಿಗೆ 1879ರಿಂದ 1916ರವರೆಗೆ ಹೋದವರು 60,965. ಡಚ್ಚರ ಸೂರಿನಾಮಿಗೆ 1873ರಿಂದ 1916ರವರೆಗೆ 34,304. ಮಾರಿಷಸ್ಸಿನದು ನಾಲ್ಕೂವರೆ ಲಕ್ಷಕ್ಕೂ ಮಿಗಿಲು. ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಮಾತು ನಾಲಗೆಯಲ್ಲಿ ಹೊರಳಿ ‘ಗಿರ್ಮಿಟ್’ ಆಯಿತು, ಅದಕ್ಕೆ ಕಟ್ಟುಬಿದ್ದವರು ‘ಗಿರ್ಮಿಟಿಯ’ರಾದರು.

ಒಂದು ಸಾಲಿನಲ್ಲಿ ಏನೇನಿದೆ ನೋಡಿ. ಸಂಖ್ಯೆ, ಹಡಗು, ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಗ್ರಾಮ, ಎತ್ತರ, ಮೈಮೇಲಿನ ಗುರುತು, ಯಾವ ಒಡೆಯನಿಗೆ ಹಂಚಿಕೆ ಎಂಬ ವಿವರ. ನಮ್ಮ ಹಳೆಯ ಪೋಲೀಸು ಕಾಗದಗಳಲ್ಲಿ ‘ಚಹರೆಪಟ್ಟಿ’ ಎಂದು ಕರೆಯುತ್ತಿದ್ದರಲ್ಲ, ಬಹುಮಟ್ಟಿಗೆ ಅದೇ. ಹಣೆಯ ಮೇಲೆ ಮಚ್ಚೆ, ಬಲಗೈಯಲ್ಲಿ ಹಚ್ಚೆ, ಸಿಡುಬಿನ ಕಲೆ. ತಪ್ಪಿಸಿಕೊಂಡು ಹೋದರೆ ಹಿಡಿಯುವುದಕ್ಕೆ ಬೇಕಾದದ್ದು ಅದು. ತಮ್ಮ ಮುತ್ತಜ್ಜನ ಚಿತ್ರಪಟವನ್ನು ಎಂದೂ ಕಾಣದ ಮರಿಮಕ್ಕಳಿಗೆ ಈಗ ಅವನ ರೂಪವೆಂದರೆ ಅಷ್ಟೆ.

ಎಲ್ಲ ವಸಾಹತುಗಳ ಕಾಗದವೂ ಒಂದೇ ಬಗೆಯಲ್ಲಿ ದೊರೆಯುವುದಿಲ್ಲ. ಡಚ್ಚರು ಈ ವಿಷಯದಲ್ಲಿ ಉದಾರಿಗಳು. ಸೂರಿನಾಮಿಗೆ ಹೋದ ಹಿಂದುಸ್ಥಾನಿಗಳ ದಫ್ತರವನ್ನು ಅವರ ರಾಷ್ಟ್ರೀಯ ಪತ್ರಾಗಾರ ಎಲ್ಲರಿಗೂ ತೆರೆದಿಟ್ಟಿದೆ. ಮಾರಿಷಸ್ಸಿನ ದಾಖಲೆಗಳು ಮೋಕಾ ಎಂಬಲ್ಲಿನ ಮಹಾತ್ಮ ಗಾಂಧಿ ಸಂಸ್ಥೆಯ ವಶದಲ್ಲಿವೆ. ಅವಕ್ಕೆ 2015ರಲ್ಲಿ ಯುನೆಸ್ಕೊದ ‘ಜಗತ್ತಿನ ಸ್ಮೃತಿ’ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ ಪಟಲ’ದಲ್ಲಿ ಪ್ರಯಾಣಿಕರ ಪಟ್ಟಿಗಳಿಗಿಂತ ಹೆಚ್ಚಾಗಿ ಸರ್ಕಾರದ ಪತ್ರವ್ಯವಹಾರವನ್ನು ಅರಸಬೇಕು, ವಲಸೆಯ ಕಾನೂನು, ದೂರು, ವಿಚಾರಣೆ ಇಂಥವು. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದ ಇಂಡಿಯಾ ಆಫೀಸ್ ದಾಖಲೆಗಳು ಅಗಾಧವಾದುವು. ಆದರೆ 2023ರ ಅಕ್ಟೋಬರಿನಲ್ಲಿ ಗಣಕ ಚೋರರು ಆ ಗ್ರಂಥಾಲಯದ ಮೇಲೆ ಎರಗಿದ ಮೇಲೆ ಅದರ ಸೂಚಿಪಟ್ಟಿಗಳೂ ತಿಂಗಳುಗಟ್ಟಲೆ ಓದುಗರ ಕೈಗೆಟುಕದೆ ಹೋದುವು. ಓಲೆಗರಿಗೆ ಗೆದ್ದಲು ಹಿಡಿದರೆ ಒಂದು ಗ್ರಂಥ ಹೋದೀತು; ಇಲ್ಲಿ ಒಂದೇ ರಾತ್ರಿಗೆ ಇಡೀ ಭಂಡಾರದ ಬಾಗಿಲು ಮುಚ್ಚಿತು.

ಇನ್ನು ಹುಡುಕಾಟದ ಮಾತು. ತೆರೆಯ ಮೇಲಿನ ಚೌಕದಲ್ಲಿ ಹೆಸರನ್ನು ಒತ್ತಿದರೆ ಸಾಕು, ಮನುಷ್ಯ ಸಿಕ್ಕುತ್ತಾನೆ ಎಂದು ಹೊಸಬರು ಭಾವಿಸುತ್ತಾರೆ. ಹತ್ತರಲ್ಲಿ ಒಂಬತ್ತು ಬಾರಿ ಸಿಕ್ಕುವುದಿಲ್ಲ. ಏಕೆಂದರೆ ಯಂತ್ರವು ಹುಡುಕುವುದು ಬರೆದದ್ದನ್ನು. ನಮಗೆ ಬೇಕಾದದ್ದು ಅಂದು ನುಡಿದದ್ದು. ನುಡಿದವನು ನಿರಕ್ಷರಿ, ತನ್ನ ಹೆಸರನ್ನು ತನ್ನ ಊರಿನ ಉಚ್ಚಾರಣೆಯಲ್ಲಿ ಹೇಳಿದ. ಮಧ್ಯೆ ದುಭಾಷಿಯಿದ್ದರೆ ಅವನು ತನ್ನ ಭಾಷೆಯ ಧಾಟಿಯಲ್ಲಿ ಅದನ್ನು ತಿದ್ದಿದ. ಗುಮಾಸ್ತ ತನ್ನ ಕಿವಿಗೆ ಬಿದ್ದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ. ನೂರು ವರ್ಷಗಳ ಮೇಲೆ ಇನ್ನೊಬ್ಬರು ಆ ಮಾಸಿದ ಬರಹವನ್ನು ಓದಿ ಗಣಕಯಂತ್ರಕ್ಕೆ ಏರಿಸಿದರು. ಒಂದು ಹೆಸರು ಹೀಗೆ ನಾಲ್ಕು ಕೈಗಳನ್ನು ದಾಟಿ ಬಂದಿದೆ. ಪಂಪನ ಪದ್ಯವೊಂದು ಲಿಪಿಕಾರರ ಕೈಗಳನ್ನು ದಾಟಿ ಬರುವಾಗ ಏನಾಗುತ್ತದೆಂಬುದನ್ನು ಬಲ್ಲವರಿಗೆ ಇಲ್ಲಿ ಆಶ್ಚರ್ಯವಾಗಬೇಕಾದದ್ದು ಏನೂ ಇಲ್ಲ. ಪಾಠಾಂತರಗಳನ್ನು ಕೂಡಿಸಿ ಮೂಲಪಾಠವನ್ನು ಊಹಿಸುವ ವಿದ್ಯೆಯೇ ಇಲ್ಲಿಯೂ ಬೇಕು. ಹಡಗುಗಳ ಹೆಸರನ್ನೂ ಇದು ಬಿಟ್ಟಿಲ್ಲ. 1845ರ ಮೇ 30ರಂದು ಟ್ರಿನಿಡಾಡನ್ನು ಮುಟ್ಟಿದ ಮೊದಲ ಹಡಗನ್ನು ಅಲ್ಲಿನವರು ‘ಫಟೆಲ್ ರಜಾಕ್’ ಎನ್ನುತ್ತಾರೆ. ಅದು ‘ಫತ್ ಅಲ್ ರಜಾಕ್’ ಎಂಬ ಅರಬ್ಬೀ ಹೆಸರಿನ ಅಪಭ್ರಂಶ.

ದಕ್ಷಿಣ ಆಫ್ರಿಕದಲ್ಲಿ ಈ ಅಪಭ್ರಂಶಗಳೇ ಮನೆತನದ ಹೆಸರುಗಳಾಗಿ ನಿಂತಿವೆ. ಗೌಂಡರ್ ‘ಗೊವೆಂಡರ್’ ಆದ, ಮುದಲಿ ‘ಮೂಡ್ಲಿ’ಯಾದ, ಮುನಿಸ್ವಾಮಿ ‘ಮೂನ್‌ಸಾಮಿ’ಯಾದ. ಊರುಗಳ ಪಾಡಂತೂ ಇನ್ನೂ ವಿಚಿತ್ರ. ಅಂದಿನ ಇಂಗ್ಲಿಷರ ಬರಹದಲ್ಲಿ ಚಿತ್ರದುರ್ಗವು ‘ಚಿಟಲ್‌ಡ್ರೂಗ್’, ಶ್ರೀರಂಗಪಟ್ಟಣವು ‘ಸೆರಿಂಗಪಟಂ’, ಮಡಿಕೇರಿಯು ‘ಮರ್ಕೆರಾ’. ಜಾತಿಯ ಅಂಕಣದಲ್ಲಿ ‘ಜೆಂಟೂ’, ‘ಮಲಬಾರ್’ ಎಂಬ ಮಾತುಗಳು ಬಂದರೆ ಅವು ಜಾತಿಗಳೇ ಅಲ್ಲ. ಮದರಾಸಿನ ಹಳೆಯ ಇಂಗ್ಲಿಷಿನಲ್ಲಿ ಮೊದಲನೆಯದು ತೆಲುಗರಿಗೂ ಎರಡನೆಯದು ಬಹುಮಟ್ಟಿಗೆ ತಮಿಳರಿಗೂ ಸಂದ ಹೆಸರು.

ಆದ್ದರಿಂದ ನಾನು ಹೆಸರಿನ ಬೆನ್ನುಹತ್ತುವುದನ್ನು ಬಿಟ್ಟು ಸಂಖ್ಯೆಯನ್ನು ಹಿಡಿಯಿರಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ವಸಾಹತಿನಲ್ಲಿ ಆ ಸಂಖ್ಯೆ ಮನುಷ್ಯನನ್ನು ಕಡೆಯವರೆಗೂ ಬಿಡಲಿಲ್ಲ. ಮದುವೆಯ ಕಾಗದದಲ್ಲಿ, ಮಕ್ಕಳ ಜನನದ ಕಾಗದದಲ್ಲಿ, ರಹದಾರಿಯಲ್ಲಿ ಅದು ಮರಳಿ ಮರಳಿ ಬರುತ್ತದೆ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಜನನಪತ್ರ ದೊರೆತರೆ ಅದರಿಂದ ಅವಳ ತಂದೆಯ ಸಂಖ್ಯೆ, ಸಂಖ್ಯೆಯಿಂದ ಹಡಗಿನ ಪಟ್ಟಿ, ಪಟ್ಟಿಯಿಂದ ಊರು. ಹಡಗಿನ ಹೆಸರೊಂದರಿಂದಲೂ ಕೆಲಸವಾಗದು; ಫಿಜಿಗೆ 42 ಹಡಗುಗಳು 87 ಬಾರಿ ಹೋಗಿಬಂದಿವೆ. ಯಾವ ಯಾತ್ರೆ, ಯಾವ ವರ್ಷ ಎಂಬುದು ತಿಳಿಯಬೇಕು. ಇನ್ನೊಂದು ಮಾತು: ಸೂಚಿಯನ್ನು ಓದಿ ದಾಖಲೆಯನ್ನೇ ಓದಿದೆನೆಂದು ತಿಳಿಯಬಾರದು. ಮೂಲ ಪುಟದ ಚಿತ್ರ ದೊರೆಯುವಲ್ಲೆಲ್ಲ ಅದನ್ನೇ ನೋಡಬೇಕು. ಒಡೆಯನ ದೂರು, ಸಾವಿನ ದಿನಾಂಕ, ಮರಳಿ ಹೊರಟ ಹಡಗು, ಇಂಥವನ್ನು ಕೆಲವೊಮ್ಮೆ ಪುಟದ ಅಂಚಿನಲ್ಲಿ ಬೇರೊಂದು ಮಸಿಯಲ್ಲಿ ಬರೆದಿರುತ್ತಾರೆ. ಸೂಚಿ ಮಾಡಿದವರು ಅದನ್ನು ಬಿಟ್ಟಿರಬಹುದು.

ಈ ಕಾಗದಗಳನ್ನು ಸಾಲುಸಾಲಾಗಿ ಓದಿದ ಮಹನೀಯರಲ್ಲಿ ಬ್ರಿಜ್ ಲಾಲ್ ಅಗ್ರಗಣ್ಯರು. ಗಿರ್ಮಿಟಿಯರ ಮೊಮ್ಮಗನಾಗಿ ಫಿಜಿಯಲ್ಲಿ ಹುಟ್ಟಿದ ಅವರು ಉತ್ತರ ಹಿಂದುಸ್ಥಾನದಿಂದ ಹೋದವರ 45,000ಕ್ಕೂ ಮಿಕ್ಕ ರಹದಾರಿ ಪತ್ರಗಳನ್ನು ವಿಂಗಡಿಸಿ 1983ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಹೋದವರೆಲ್ಲ ಕೀಳು ಜಾತಿಯವರು, ಗತಿಗೆಟ್ಟವರು ಎಂದು ಆ ತನಕ ಹೇಳಿಕೊಂಡು ಬಂದಿದ್ದ ಮಾತು ಅವರ ಲೆಕ್ಕದ ಮುಂದೆ ನಿಲ್ಲಲಿಲ್ಲ. ಎಲ್ಲ ಜಾತಿಗಳ ರೈತಾಪಿ ಜನ ಅಲ್ಲಿದ್ದರು. ಹೆಂಗಸರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಒಂಟಿಯಾಗಿ ಹೊರಟವರು ಎಂಬುದೂ ಆ ಕಾಗದಗಳಿಂದಲೇ ಹೊರಬಿತ್ತು.

ಈ ಸಂಗತಿ ನನ್ನನ್ನು ಬಹಳವಾಗಿ ಕಾಡಿದೆ. ನೂರು ಗಂಡಸರಿಗೆ ನಲವತ್ತು ಹೆಂಗಸರು ಇರಲೇಬೇಕೆಂದು ಸರ್ಕಾರದ ಕಟ್ಟಳೆ. ಆ ಲೆಕ್ಕ ತುಂಬುವುದಕ್ಕಾಗಿ ಹೆಂಗಸರನ್ನು ತೀರ್ಥಕ್ಷೇತ್ರಗಳಲ್ಲಿ, ಸಂತೆಗಳಲ್ಲಿ ಅರಸುತ್ತಿದ್ದರು. ವಿಧವೆಯರು, ಗಂಡ ಬಿಟ್ಟವರು, ಗಂಡನನ್ನು ತಾವೇ ಬಿಟ್ಟುಬಂದವರು ಅವರಲ್ಲಿದ್ದರು. ಹೆಂಗಸಿನ ರಹದಾರಿಯಲ್ಲಿ ‘ಮದುವೆಯಾಗಿದ್ದರೆ ಯಾರೊಡನೆ’ ಎಂದು ಒಂದು ಸಾಲಿದೆ. ಅಲ್ಲಿ ಬರಿಯ ಗೀಟು ಎಳೆದಿದ್ದರೆ ಅದರ ಹಿಂದೆ ಏನಿತ್ತೆಂದು ಗುಮಾಸ್ತ ಬರೆಯಲಿಲ್ಲ, ಕೇಳಿರಲೂ ಇಕ್ಕಿಲ್ಲ. ಗಾಯತ್ರಾ ಬಹಾದೂರ್ ಎಂಬ ಲೇಖಕಿ, 1903ರಲ್ಲಿ ಗರ್ಭಿಣಿಯಾಗಿ ಒಬ್ಬಳೇ ಕಲ್ಕತ್ತೆಯಿಂದ ‘ಕ್ಲೈಡ್’ ಹಡಗನ್ನೇರಿ ಗಯಾನಕ್ಕೆ ಹೋದ ತಮ್ಮ ಮುತ್ತಜ್ಜಿಯ ಜಾಡನ್ನು ಅರಸಿ 2013ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಪತ್ರಾಗಾರ ಎಲ್ಲಿ ಬಾಯಿ ಮುಚ್ಚುತ್ತದೋ ಅಲ್ಲಿ ಅವರು ಕಟ್ಟುಕತೆಯನ್ನು ಹೊಸೆಯಲಿಲ್ಲ, ಪ್ರಶ್ನೆಗಳನ್ನಷ್ಟೇ ಬರೆದರು. ಅವರ ಈ ಸಂಯಮ ನನಗೆ ಮೆಚ್ಚುಗೆಯಾಯಿತು.

ಇತ್ತೀಚೆಗೆ ಈ ಕಾಗದಗಳಿಗೆ ಕಚೇರಿಯಲ್ಲಿಯೂ ಬೆಲೆ ಬಂದಿದೆ. ಸೂರಿನಾಮಿನಲ್ಲಿರುವ ಭಾರತ ಮೂಲದವರಿಗೆ ಆರನೆಯ ತಲೆಮಾರಿನವರೆಗೂ ‘ಸಾಗರೋತ್ತರ ಭಾರತೀಯ ನಾಗರಿಕ’ ಎಂಬ ಚೀಟಿಯನ್ನು ಕೊಡಲಾಗುವುದೆಂದು ರಾಷ್ಟ್ರಪತಿಗಳು 2023ರಲ್ಲಿ ಅಲ್ಲಿಯೇ ಪ್ರಕಟಿಸಿದರು. ಮರುವರ್ಷ ಮಾರಿಷಸ್ಸಿನವರಿಗೆ ಏಳನೆಯ ತಲೆಮಾರಿನವರೆಗೆ. ಹಾಗಾದರೆ ಏಳು ತಲೆಮಾರುಗಳ ಸಂಬಂಧವನ್ನು ಕಾಗದದ ಮೇಲೆ ತೋರಿಸಬೇಕು. ಗುಮಾಸ್ತ ಅಂದು ಅವಸರದಲ್ಲಿ ಗೀಚಿದ ಒಂದು ಹೆಸರು ಇಂದು ಒಬ್ಬರಿಗೆ ಸಾಕ್ಷಿಯಾಗುತ್ತದೆ, ಇನ್ನೊಬ್ಬರಿಗೆ ತೊಡಕಾಗುತ್ತದೆ.

ಕನ್ನಡ ನಾಡಿನ ಮಾತಿಗೆ ಬರುತ್ತೇನೆ. ಬಳ್ಳಾರಿಯೂ ದಕ್ಷಿಣ ಕನ್ನಡವೂ ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದುವು. ಮೈಸೂರು ಸೀಮೆಯಿಂದ ಹೊರಟವರಿಗೂ ಮದರಾಸೇ ರೇವು. ಹೀಗಾಗಿ ಕನ್ನಡ ಮಾತಾಡುತ್ತಿದ್ದವನೂ ಹಡಗು ಹತ್ತಿದೊಡನೆ ‘ಮದರಾಸಿ’ಯಾದ. ನೆಟಾಲಿನ ಪಟ್ಟಿಗಳಲ್ಲಿ ತಮಿಳು ತೆಲುಗು ಜಿಲ್ಲೆಗಳೇ ಹೆಚ್ಚು. ಆದರೂ ನಡುನಡುವೆ ‘ಮೈಸೂರು’ ಎಂಬ ಜಿಲ್ಲೆಯ ಹೆಸರು ಕಣ್ಣಿಗೆ ಬೀಳುತ್ತದೆ. ಡರ್ಬನ್ನಿನ ಗೃಹಸ್ಥರೊಬ್ಬರು, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮೂಲಕ, ಅಂಥ ಒಂದು ಸಾಲನ್ನು ನನಗೆ ಕಳುಹಿಸಿದರು. ಅವರ ಮುತ್ತಜ್ಜನದು. ಜಿಲ್ಲೆ ಮೈಸೂರು, ಠಾಣೆ ಕೋಲಾರ, ಗ್ರಾಮ ‘ಓಸಪುಲ್ಲಿ’. ಅಂಥ ಊರಿಲ್ಲವೆಂದು ಅವರಿಗೆ ಹಲವರು ಹೇಳಿದ್ದರಂತೆ. ಕನ್ನಡದ ಮೇಷ್ಟರಿಗೆ ಇಲ್ಲಿ ಕೆಲಸ ಹುಟ್ಟಿತು. ಹಳಗನ್ನಡದ ‘ಪಳ್ಳಿ’ ನಮ್ಮಲ್ಲಿ ‘ಹಳ್ಳಿ’ಯಾಗಿದೆ, ತಮಿಳರಿಗೂ ತೆಲುಗರಿಗೂ ಅದು ಇಂದಿಗೂ ಪಕಾರದ್ದೇ. ಮದರಾಸಿನ ದುಭಾಷಿ ಮೊದಲ ಹಕಾರವನ್ನು ನುಂಗಿ, ಎರಡನೆಯದನ್ನು ತನ್ನ ರೂಢಿಗೆ ತಿರುಗಿಸಿದರೆ ‘ಹೊಸಹಳ್ಳಿ’ಯು ‘ಓಸಪಳ್ಳಿ’ಯಾಗುವುದು ಸಹಜ. ಮುಂದೆ ಆ ಸಾಲಿನಲ್ಲಿ ‘ಎಡ ಮೊಣಕಾಲಿನ ಕೆಳಗೆ ಗಾಯದ ಕಲೆ’ ಎಂದಿತ್ತು. ಚಿಕ್ಕಂದಿನಲ್ಲಿ ಎತ್ತು ತಿವಿದ ಕತೆಯನ್ನು ತಮ್ಮ ಅಜ್ಜಿ ಹೇಳುತ್ತಿದ್ದರೆಂದು ಗೃಹಸ್ಥರು ಬರೆದರು. ಮನುಷ್ಯ ಅವನೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ಆದರೆ ಹೊಸಹಳ್ಳಿ ಯಾವುದು? ನಮ್ಮಲ್ಲಿ ಹೊಸಹಳ್ಳಿಗಳಿಗೆ ಬರವಿಲ್ಲವಷ್ಟೆ.

ಮೈಸೂರು, ಬಳ್ಳಾರಿ, ಕೆನರಾ ಎಂದು ನಮೂದಾಗಿರುವ ಸಾಲುಗಳನ್ನೆಲ್ಲ ಹೆಕ್ಕಿ, ಊರಿನ ಹೆಸರುಗಳನ್ನು ಕನ್ನಡದ ಕಿವಿಯಿಂದ ಓದಿ, ರೈಸರ ಗೆಜೆಟಿಯರು, ಹಳೆಯ ಜನಗಣತಿಯ ಗ್ರಾಮಪಟ್ಟಿ, ಶಾಸನ ಸಂಪುಟಗಳ ಸ್ಥಳನಾಮಗಳೊಡನೆ ಹೋಲಿಸಿ ಒಂದು ಸೂಚಿಯನ್ನು ಸಿದ್ಧಪಡಿಸುವುದು ಒಬ್ಬ ಸಂಶೋಧನ ವಿದ್ಯಾರ್ಥಿಗೆ ಮೂರು ವರ್ಷದ ಕೆಲಸ. ಯಾರಾದರೂ ಮುಂದೆ ಬಂದರೆ ನಾನು ಮಾಡಿಟ್ಟಿರುವ ಟಿಪ್ಪಣಿಗಳನ್ನು ಸಂತೋಷದಿಂದ ಕೊಡುತ್ತೇನೆ. ಡರ್ಬನ್ನಿನ ಗೃಹಸ್ಥರಿಗೆ ಕೋಲಾರದ ಸುತ್ತಿನ ಎಂಟು ಹೊಸಹಳ್ಳಿಗಳ ಹೆಸರನ್ನೂ ದಾರಿಯನ್ನೂ ಬರೆದು ಕಳುಹಿಸಿದ್ದೇನೆ. ಬರುವ ಜನವರಿಯಲ್ಲಿ ಬರುತ್ತೇನೆ, ಎಂಟನ್ನೂ ನೋಡುತ್ತೇನೆ ಎಂದು ಅವರಿಂದ ಉತ್ತರ ಬಂದಿದೆ.