ತಿರುವಿಗೆ ಮುಂಚೆ



ಅರವತ್ತು ದಾಟಿದ ಕನ್ನಡ ಮೇಷ್ಟರೊಬ್ಬರು ಬಾನುಲಿಯಲ್ಲಿ ಮಾತನಾಡಲು ಕುಳಿತರೆ, ಪಂಪನನ್ನು ಕುರಿತೋ ಹರಿಹರನನ್ನು ಕುರಿತೋ ನಾಲ್ಕು ಮಾತು ಹೇಳಿಯಾರೆಂದು ನೀವು ಎಣಿಸುವುದು ಸಹಜ. ಆದರೆ ಇಂದು ನಾನು ಕಾರು ಓಡಿಸುವ ವಿಚಾರವನ್ನು ಹೇಳಬೇಕೆಂದಿದ್ದೇನೆ. ಅದೂ ರಸ್ತೆಯ ಮೇಲಲ್ಲ, ಕಂಪ್ಯೂಟರಿನ ತೆರೆಯ ಮೇಲೆ. ನಗಬೇಡಿರಿ. ಈ ವಿದ್ಯೆಯನ್ನು ನನಗೆ ಕಲಿಸಿದ ಗುರುವಿಗೆ ಹದಿನಾರು ವರ್ಷ. ಸಂಬಂಧದಲ್ಲಿ ಆತ ನನ್ನ ಮೊಮ್ಮಗ.

ನನ್ನ ಊರು ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ. ಕಬ್ಬು, ಬತ್ತ, ನಾಲೆಯ ನೀರು, ಕಾಲಭೈರವೇಶ್ವರನ ಗುಡಿ, ಆ ಗುಡಿಯ ಬಸವಪ್ಪ—ಇಷ್ಟು ಹೇಳಿದರೆ ಮಂಡ್ಯದ ಸೀಮೆಯವರಿಗೆ ನಮ್ಮೂರು ಕಣ್ಣಿಗೆ ಕಟ್ಟುತ್ತದೆ. ಕಾಲೇಜಿನ ಕೆಲಸದಿಂದ ನಿವೃತ್ತನಾದ ಮೇಲೆ ನಾನು ಹಿರಿಯರ ಮನೆಗೇ ಹಿಂತಿರುಗಿದೆ. ಕಳೆದ ಬೇಸಗೆಯ ರಜೆಯಲ್ಲಿ ಮೊಮ್ಮಗ ಬೆಂಗಳೂರಿನಿಂದ ಬಂದಾಗ ಬಟ್ಟೆಯ ಚೀಲಕ್ಕಿಂತ ದೊಡ್ಡದಾದ ಪೆಟ್ಟಿಗೆಯೊಂದನ್ನು ಹೊತ್ತು ತಂದ. ಅದರೊಳಗೆ ಒಂದು ಸ್ಟಿಯರಿಂಗ್ ಚಕ್ರ, ಮೂರು ಪೆಡಲು. ಮೂವತ್ತು ವರ್ಷ ನಾನು ಉತ್ತರಪತ್ರಿಕೆಗಳನ್ನು ತಿದ್ದಿದ ತೇಗದ ಮೇಜಿನ ಅಂಚಿಗೆ ಆ ಚಕ್ರವನ್ನು ತಿರುಪು ಹಾಕಿ ಬಿಗಿದ. ಮನೆಯ ಇಂಟರ್ನೆಟ್ಟಿಗೆ ತಂತಿ ಜೋಡಿಸಿದ. ಅರ್ಧ ಗಂಟೆಯೊಳಗೆ ನಮ್ಮ ನಡುಮನೆಯಲ್ಲಿ ಕಾರೊಂದು ಗುಡುಗಲಾರಂಭಿಸಿತು.

“ಏನಪ್ಪಾ ಈ ಮಕ್ಕಳಾಟ?” ಎಂದೆ.

“ಆಟ ಅಲ್ಲ ತಾತ, ಸಿಮ್ ರೇಸಿಂಗ್. ಒಂದು ಸಲ ಕೂತು ನೋಡಿ,” ಎಂದ.

ಆಟವಲ್ಲವೆಂಬ ಅವನ ಮಾತು ಪೂರ್ತಿ ಸುಳ್ಳಲ್ಲವೆಂಬುದು ಆಮೇಲೆ ತಿಳಿಯಿತು. ಅವನು ಆಡುತ್ತಿದ್ದುದು ಐರೇಸಿಂಗ್ ಎಂಬ ವ್ಯವಸ್ಥೆಯಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸಿನವರು 2008ರಲ್ಲಿ ಅದನ್ನು ತೆರೆದರು. ಲೋಕದ ಪ್ರಸಿದ್ಧ ಓಟದ ದಾರಿಗಳನ್ನು ಲೇಸರ್ ಕಿರಣಗಳಿಂದ ಅಳೆದು, ಅಲ್ಲಿಯ ಉಬ್ಬುತಗ್ಗುಗಳ ಸಮೇತ ತೆರೆಯ ಮೇಲೆ ಕಟ್ಟಿದ್ದಾರೆ. ಚಕ್ರದೊಳಗೆ ಒಂದು ಮೋಟಾರು ಇದೆ. ರಸ್ತೆಯ ಉಬ್ಬನ್ನು ಅದು ಅಂಗೈಗೆ ಮುಟ್ಟಿಸುತ್ತದೆ. ಮುಂದಿನ ಟೈರು ಹಿಡಿತ ತಪ್ಪಿ ಜಾರಿದರೆ ಚಕ್ರ ಕೈಯಲ್ಲಿ ಹಗುರವಾಗುತ್ತದೆ. ಗ್ರ್ಯಾನ್ ಟುರಿಸ್ಮೊ ಎಂಬ ಇಂಥದೇ ಇನ್ನೊಂದು ಆಟದ ಮೂಲಕ ನಡೆದ ಸ್ಪರ್ಧೆಯನ್ನು 2011ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ ಎಂಬ ಯುವಕ 2013ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ ಇಪ್ಪತ್ತನಾಲ್ಕು ಗಂಟೆಯ ಓಟದಲ್ಲಿ ನಿಜವಾದ ಕಾರನ್ನೇ ನಡೆಸಿದ. 2020ರಲ್ಲಿ ಕೊರೋನಾ ಕಾಲಿಟ್ಟು ಲೋಕವೆಲ್ಲ ಬಾಗಿಲು ಮುಚ್ಚಿದಾಗ, ಅದೇ ಲ ಮಾನ್ ಓಟವನ್ನು ಜೂನ್ ತಿಂಗಳಲ್ಲಿ ತೆರೆಯ ಮೇಲೆಯೇ ನಡೆಸಿದರು. ಹೆಸರಾಂತ ಓಟಗಾರರು ತಂತಮ್ಮ ಮನೆಗಳಲ್ಲಿ ಕುಳಿತು ಅದರಲ್ಲಿ ಭಾಗವಹಿಸಿದರು.

ನನ್ನ ಪಾಲಿಗೆ ಬಂದದ್ದು ಕ್ಯಾಲಿಫೋರ್ನಿಯದ ಲಗುನಾ ಸೆಕಾ ಎಂಬ ದಾರಿ. ಉದ್ದ ಸುಮಾರು 3.6 ಕಿಲೋಮೀಟರು, ತಿರುವುಗಳು ಹನ್ನೊಂದು. ಅದರ ಎಂಟನೆಯ ತಿರುವಿಗೆ ಕಾರ್ಕ್‌ಸ್ಕ್ರೂ ಎಂದು ಹೆಸರು. ದಾರಿ ಗುಡ್ಡವನ್ನೇರಿ ನೆತ್ತಿಯಲ್ಲಿ ಎಡಕ್ಕೆ ಹೊರಳುತ್ತದೆ. ಹೊರಳಿದೊಡನೆ ಬಲಕ್ಕೆ ಬೀಳುತ್ತದೆ. 150 ಮೀಟರಿಗಿಂತ ಕಡಿಮೆ ದೂರದಲ್ಲಿ ಸುಮಾರು 18 ಮೀಟರು ಇಳಿತ. ಮೇಲೇರುವಾಗ ಮುಂದೆ ಕಾಣುವುದು ಆಕಾಶವೊಂದೇ. ಕಾಣದ ಇಳಿಜಾರಿಗೆ, ಅದು ಕಾಣುವ ಮೊದಲೇ ಬ್ರೇಕು ಹಾಕಬೇಕು.

ಮೊದಲ ಸಂಜೆ ನಾನು ಆ ತಿರುವಿನಲ್ಲಿ ಎಷ್ಟು ಸಲ ಮರಳಿಗೆ ಬಿದ್ದೆನೆಂಬುದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ತಿರುವಿನೊಳಗೆ ಹೋದಮೇಲೆ ‘ಅಯ್ಯೋ, ವೇಗ ಹೆಚ್ಚಾಯಿತು’ ಎಂದು ಬ್ರೇಕನ್ನು ತುಳಿಯುತ್ತಿದ್ದೆ. ಜೊತೆಗೆ ಚಕ್ರವನ್ನೂ ತಿರುಗಿಸುತ್ತಿದ್ದೆ. ಕಾರು ನನ್ನ ಎರಡು ಮಾತನ್ನೂ ಕೇಳದೆ ನೇರವಾಗಿ ಮರಳಿಗೆ ನುಗ್ಗುತ್ತಿತ್ತು. ಹುಡುಗ ಅದರ ಮರ್ಮವನ್ನು ವಿವರಿಸಿದ. ಟೈರಿಗೆ ನೆಲದ ಮೇಲಿರುವ ಹಿಡಿತಕ್ಕೆ ಒಂದು ಮಿತಿಯುಂಟು. ಅದನ್ನೆಲ್ಲ ವೇಗ ತಗ್ಗಿಸುವುದಕ್ಕೆ ಖರ್ಚು ಮಾಡಿದರೆ ತಿರುಗುವುದಕ್ಕೆ ಏನೂ ಉಳಿಯದು. ನಮ್ಮ ಕಡೆಯ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತೂಬಿನ ನೀರನ್ನು ಒಂದೇ ಗಳಿಗೆಯಲ್ಲಿ ಎರಡು ಗದ್ದೆಗೂ ತುಂಬ ಹರಿಸಲಾಗದು. ಮೊದಲು ಒಂದು, ಆಮೇಲೆ ಇನ್ನೊಂದು.

ಆಗ ನನಗೆ ನಮ್ಮ ದೊಡ್ಡಪ್ಪನ ನೆನಪಾಯಿತು. ನಾನು ಹುಡುಗನಾಗಿದ್ದಾಗ ಅವರ ಬಳಿ ಒಂದು ಜೊತೆ ಹಳ್ಳಿಕಾರ್ ಎತ್ತುಗಳಿದ್ದವು. ಕೆರೆಯ ಏರಿಯಿಂದ ಇಳಿಯುವಲ್ಲಿ ಒಂದು ತಿರುವು. ಒಂದು ದಿನ ಕಬ್ಬು ತುಂಬಿದ ಗಾಡಿಯ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ತಿರುವಿಗೆ ಬಂದಮೇಲೆ ನಾನು ಗಾಬರಿಯಿಂದ ಹಗ್ಗ ಜಗ್ಗಿದೆ. ಗಾಡಿಯ ಭಾರ ಹಿಂದಿನಿಂದ ನೂಕುತ್ತಿತ್ತು, ಮೂಗುದಾರ ಮುಂದಿನಿಂದ ಎಳೆಯುತ್ತಿತ್ತು. ಎಡಗಡೆಯ ಎತ್ತು ಮುಗ್ಗರಿಸಿತು. ದೊಡ್ಡಪ್ಪ ಬಯ್ಯಲಿಲ್ಲ. “ತಿರುವು ಬರೋಕ್ ಮುಂಚೇನೇ ಎತ್ಗೆ ಹೇಳ್ಬುಡ್ಬೇಕು ಕನ್ಲಾ ಮಗ. ತಿರುವ್ನಲ್ಲಿ ನಿಂತ್ಕಂಡು ಹೇಳುದ್ರೆ ಅದಾದ್ರೂ ಏನ್ ಮಾಡ್ತದೆ?” ಎಂದರು. ಓದುಬರಹ ಅರಿಯದ ದೊಡ್ಡಪ್ಪನೂ ಇಂಗ್ಲಿಷ್ ಶಾಲೆಯ ಮೊಮ್ಮಗನೂ ಐವತ್ತು ವರ್ಷಗಳ ಅಂತರದಲ್ಲಿ ನನಗೆ ಹೇಳಿದ್ದು ಒಂದೇ ಮಾತು.

ಎರಡನೆಯ ದಿನದಿಂದ ಹುಡುಗ ನನಗೊಂದು ಕಟ್ಟಳೆ ಹಾಕಿದ. “ವೇಗ ಬೇಡ ತಾತ. ಹತ್ತು ಸುತ್ತು ಒಂದೇ ಥರ ಬನ್ನಿ, ಸಾಕು.” ನನ್ನ ಹಳೆಯ ಹಾಜರಿ ಪುಸ್ತಕವೊಂದರಲ್ಲಿ ಪ್ರತಿ ಸುತ್ತಿನ ಕಾಲವನ್ನು ಬರೆಯಲಾರಂಭಿಸಿದ. ಮೊದಲ ಪುಟ ನನ್ನ ಸ್ವಭಾವದ ಜಾತಕದಂತಿತ್ತು: 1 ನಿಮಿಷ 54 ಸೆಕೆಂಡು, 2 ನಿಮಿಷ 11, 1 ನಿಮಿಷ 50, ಮುಂದಿನ ಸುತ್ತು ಮರಳಿನಲ್ಲಿ. ಆ 50 ಸೆಕೆಂಡಿನ ಸುತ್ತನ್ನು ತೋರಿಸಿ ನಾನು ಬೀಗಿದೆ. ಅವನು ಪುಟದ ಕೆಳಗೆ ಹತ್ತು ಸುತ್ತುಗಳ ಸರಾಸರಿ ಬರೆದು ಸುಮ್ಮನಾದ. ಆ ಅಂಕಿಯನ್ನು ನೋಡಿ ನಾನೂ ಸುಮ್ಮನಾದೆ.

ಮೂರು ವಾರದ ಮೇಲೆ ಹತ್ತು ಸುತ್ತುಗಳೂ 1 ನಿಮಿಷ 55ಕ್ಕೂ 56ಕ್ಕೂ ನಡುವೆ ಬಂದವು. ಅದೇ ಜಾಗದಲ್ಲಿ ಬ್ರೇಕು, ಅದೇ ಜಾಗದಲ್ಲಿ ತಿರುವು. ಇದರಲ್ಲಿ ಏನು ಸ್ವಾರಸ್ಯವೆಂದು ಕೇಳುವಿರಿ. ದಿನವೂ ಒಂದೇ ರಾಗವನ್ನು ಸಾಧನೆ ಮಾಡುವ ಸಂಗೀತಗಾರನನ್ನು ಕೇಳಿದರೆ ಇದಕ್ಕೆ ಉತ್ತರ ಹೇಳಿಯಾನು. ಸುತ್ತುಗಳು ಒಂದೇ ಬಗೆಯಾಗಿದ್ದಾಗ ಮಾತ್ರ, ಎಲ್ಲಿ ಒಂದು ಗೇಣು ಬೇರೆ ಮಾಡಿದರೆ ಏನಾಗುತ್ತದೆಂಬುದು ಕಾಣುತ್ತದೆ. ಸುತ್ತಿಗೊಂದು ಬಗೆಯಾದರೆ ಯಾವ ತಪ್ಪಿನಿಂದ ಯಾವ ನಷ್ಟವೆಂದು ತಿಳಿಯುವ ದಾರಿಯೇ ಇಲ್ಲ. ಮತ್ತೆ ಎರಡು ವಾರದಲ್ಲಿ, ನಾನು ಅವಸರಪಡದೆಯೇ, ಕಾಲ 1 ನಿಮಿಷ 51ಕ್ಕೆ ಇಳಿದಿತ್ತು.

ಆಮೇಲೆ ಲೋಕದ ನಾನಾ ಮೂಲೆಗಳಲ್ಲಿ ಕುಳಿತ ಅಪರಿಚಿತರೊಡನೆ ಓಟ. ಇಲ್ಲಿಯ ಕಾನೂನು ನನಗೆ ಬಹಳ ಹಿಡಿಸಿತು. ದಾರಿ ಬಿಟ್ಟು ಹೊರಗೆ ಹೋದರೆ ಒಂದು ಅಂಕ, ಹತೋಟಿ ತಪ್ಪಿ ತಿರುಗಿದರೆ ಎರಡು, ಇನ್ನೊಬ್ಬರ ಕಾರಿಗೆ ಬಲವಾಗಿ ತಾಕಿದರೆ ನಾಲ್ಕು. ಇವು ಗಳಿಕೆಯಲ್ಲ, ದಂಡ. ಎಷ್ಟು ತಿರುವುಗಳನ್ನು ದಂಡವಿಲ್ಲದೆ ದಾಟಿದೆವೆಂಬುದರ ಮೇಲೆ ಹೊಸಬರ ತರಗತಿಯಿಂದ ಮೇಲಿನ ತರಗತಿಗೆ ಬಡ್ತಿ. ಡಿಕ್ಕಿಯಾದರೆ ತಪ್ಪು ಯಾರದೆಂದು ಯಂತ್ರ ವಿಚಾರಿಸುವುದಿಲ್ಲ, ಇಬ್ಬರಿಗೂ ದಂಡ. “ಇದು ಅನ್ಯಾಯವಲ್ಲವೇನೋ?” ಎಂದು ಕೇಳಿದೆ. “ಅನ್ಯಾಯವೇ. ಅದಕ್ಕೇ ಜಗಳ ಆಗೋ ಕಡೆ ಇರಬಾರದು ತಾತ,” ಎಂದ.

ನನ್ನ ಮೊದಲ ಓಟದಲ್ಲಿ ಹನ್ನೆರಡು ಕಾರುಗಳಿದ್ದವು. ಹುಡುಗನ ಸಲಹೆಯಂತೆ ನಾನು ಸಾಲಿನಲ್ಲಿ ನಿಲ್ಲದೆ, ಎಲ್ಲರೂ ಹೊರಟುಹೋದ ಮೇಲೆ ಪಕ್ಕದ ದಾರಿಯಿಂದ ಕೊನೆಯವನಾಗಿ ಹೊರಟೆ. ಓಟವನ್ನೆಲ್ಲ ಮೊದಲ ತಿರುವಿನಲ್ಲೇ ಗೆದ್ದುಬಿಡಬೇಕೆಂದು ಹೊರಟವರು ನಾಲ್ವರು ಅಲ್ಲಿಯೇ ಒಬ್ಬರಿಗೊಬ್ಬರು ಗುದ್ದಿಕೊಂಡು ನಿಂತಿದ್ದರು. ನಾನು ಬಗ್ಗಿ ನಮಸ್ಕರಿಸಿ ಅವರನ್ನು ದಾಟಿದೆ. ಯಾರನ್ನೂ ಹಿಂದೆ ಹಾಕಲು ಯತ್ನಿಸದ ನಾನು ಏಳನೆಯವನಾಗಿ ಮುಗಿಸಿದೆ. ಇನ್ನೊಂದು ಓಟದಲ್ಲಿ ಮೂರನೆಯ ಸ್ಥಾನದಲ್ಲಿದ್ದೆ. ಒಂದೇ ಸುತ್ತು ಬಾಕಿ. ಆಗ ಊರಿನ ಕರೆಂಟು ಹೋಯಿತು! ನಾನು ಮೇಜನ್ನು ಗುದ್ದಿದೆ. ಹುಡುಗ ಕತ್ತಲೆಯಲ್ಲೇ ನಕ್ಕು, “ಏಳು ಸುತ್ತು ಚೆನ್ನಾಗಿ ಬಂದ್ರಲ್ಲ ತಾತ, ಅದೆಲ್ಲಿ ಹೋಗುತ್ತೆ?” ಎಂದ.

ಇಷ್ಟೇ ಆಗಿದ್ದರೆ ಇದೊಂದು ಮುದುಕನ ವಿನೋದ. ನಿಮ್ಮ ಮುಂದೆ ತರಬೇಕಾದುದಲ್ಲ. ನನ್ನನ್ನು ಕಲಕಿದ್ದು ಬೇರೊಂದು ಸಂಗತಿ. ಆ ಮೊದಲ ವಾರ ನಾನು ಕಾರ್ಕ್‌ಸ್ಕ್ರೂವಿನಲ್ಲಿ ಮೇಲಿಂದ ಮೇಲೆ ಎಡವುತ್ತಿದ್ದಾಗ ಅವನು ಪಕ್ಕದ ಮಣೆಯ ಮೇಲೆ, ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದ. ಅವನ ಕೈ ಒಮ್ಮೆಯೂ ಚಕ್ರದ ಕಡೆಗೆ ಬರಲಿಲ್ಲ. ನಾನೇ ಬೇಸತ್ತು, “ಒಂದು ಸಲ ನೀನೇ ತಿರುಗಿಸಿ ತೋರಿಸಬಾರದೇನೋ?” ಎಂದೆ. “ನಾನು ತಿರುಗಿಸಿದ್ರೆ ನಿಮ್ಮ ಕೈಗೆ ಹೇಗೆ ಗೊತ್ತಾಗುತ್ತೆ?” ಎಂದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ತರಗತಿಯಲ್ಲಿ, ಎಷ್ಟೋ ವರ್ಷಗಳ ಹಿಂದೆ, ಮಳವಳ್ಳಿ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗನಿದ್ದ. ಪಂಪಭಾರತದ ಪದ್ಯವನ್ನು ಓದಲು ಎಬ್ಬಿಸಿದರೆ, ಒಂದೊಂದು ಸಮಾಸದ ಮುಂದೆಯೂ ನಿಂತು, ತುಟಿಯೊಳಗೇ ಬಿಡಿಸಿಕೊಂಡು, ಆಮೇಲೆ ಮುಂದಿನದಕ್ಕೆ ಹೋಗುತ್ತಿದ್ದ. ತಪ್ಪಾಗಿ ಓದುತ್ತಿರಲಿಲ್ಲ, ನಿಧಾನವಾಗಿ ಓದುತ್ತಿದ್ದ. ನನಗೆ ಆ ನಿಧಾನವನ್ನು ತಾಳಲಾಗುತ್ತಿರಲಿಲ್ಲ. ಅವನು ನಿಂತಲ್ಲೆಲ್ಲ ಮುಂದಿನ ಮಾತನ್ನು ನಾನೇ ಹೇಳಿಬಿಡುತ್ತಿದ್ದೆ. ತರಗತಿ ನಗುತ್ತಿತ್ತು, ಅದರಲ್ಲಿ ನನಗೊಂದು ಹೆಮ್ಮೆಯೂ ಇತ್ತೆಂಬುದನ್ನು ಮುಚ್ಚಿಡಲಾರೆ. ಕೆಲವು ವಾರಗಳಾದ ಮೇಲೆ ಅವನು ಹಿಂದಿನ ಬೆಂಚಿಗೆ ಹೋದ. ಮುಂದಿನ ವರ್ಷ ಕನ್ನಡವನ್ನೇ ಬಿಟ್ಟ. ನಾನು ಅದನ್ನು ಗಮನಿಸಲೂ ಇಲ್ಲ.

ನಮ್ಮ ಸೀಮೆಯ ಎತ್ತಿನ ಗಾಡಿ ಓಟಗಳ ವಿಚಾರ ನಿಮಗೆ ತಿಳಿದದ್ದೇ. 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಅವನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕದ ವಿಧಾನಮಂಡಲ ಕಂಬಳಕ್ಕೂ ಗಾಡಿ ಓಟಕ್ಕೂ ಎಡೆ ಮಾಡಿಕೊಡಲು ಕಾಯಿದೆಯನ್ನು ತಿದ್ದಿತು. 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಓಟ ಇರಬೇಕೆ ಬೇಡವೆ ಎಂಬ ವಾದಕ್ಕೆ ನಾನು ಈಗ ಹೋಗುವುದಿಲ್ಲ. ಆ ವಿವಾದದ ಬೇರಿನಲ್ಲಿರುವ ಪ್ರಶ್ನೆಯೊಂದೇ ನನಗೆ ಮುಖ್ಯ: ಓಡಿಸುವವನ ಅವಸರದ ಬೆಲೆಯನ್ನು ತೆರುವವರು ಯಾರು? ಗಾಡಿಯ ಮೇಲೆ ನಿಂತವನು ಬಾಲ ತಿರುಚಿದರೆ, ಬಾರುಕೋಲು ಬೀಸಿದರೆ, ನೋವು ಎತ್ತಿಗೆ. ತರಗತಿಯಲ್ಲಿ ಮೇಷ್ಟರಿಗೆ ಅವಸರವಾದರೆ ನಷ್ಟ ಹುಡುಗನಿಗೆ. ತೆರೆಯ ಮೇಲಿನ ಅಭ್ಯಾಸದ ಕಾರು ಒಂದೇ, ನನ್ನ ಅವಸರದ ದಂಡವನ್ನು ಪೂರ್ತಿಯಾಗಿ ನನಗೇ ಹಾಕಿತು. ಅದಕ್ಕಾಗಿಯೇ ಅರವತ್ತೇಳನೆಯ ವಯಸ್ಸಿನಲ್ಲಿ ಅದು ನನ್ನ ಕಣ್ಣಿಗೆ ಬಿತ್ತೋ ಏನೋ.

ಕಬ್ಬು ಅರೆಯುವ ಕಾಲ ಬಂದಾಗ ಒಂದು ದಿನ, ಸಕ್ಕರೆ ಕಾರ್ಖಾನೆಯೊಂದರ ಮುಂದೆ ನಿಂತ ಟ್ರ್ಯಾಕ್ಟರು, ಗಾಡಿಗಳ ಸಾಲಿನಲ್ಲಿ ಆ ಹುಡುಗ ಸಿಕ್ಕಿದ. ಹುಡುಗನೆಂದೆ, ತಲೆ ನರೆತಿದೆ. ಅವನೇ ಗುರುತು ಹಿಡಿದು, ಹೆಗಲ ಟವಲನ್ನು ಕೈಗೆ ತೆಗೆದುಕೊಂಡು ಬಂದ. ನಾನು ಸುತ್ತಿಬಳಸದೆ ಕೇಳಿದೆ: “ಕನ್ನಡ ಯಾಕಪ್ಪ ಬಿಟ್ಟೆ?” ಅವನು ನಕ್ಕ. “ನಾನು ಓದೋದ್ರೊಳಗೆ ನೀವೇ ಓದ್ಬುಡ್ತಿದ್ರಿ ಸಾರ್. ನಂಗೇನು ಕೆಲ್ಸ ಉಳೀತಿತ್ತು?” ಎಂದ. ಕೋಪವಿರಲಿಲ್ಲ, ಅದು ಅವನಿಗೆ ಹಳೆಯ ಮಾತು. “ತಪ್ಪು ನಂದಪ್ಪ,” ಎಂದೆ. “ಅಯ್ಯೋ, ಬುಡಿ ಸಾರ್,” ಎಂದವನು, ಸಾಲು ಒಂದು ಗಾಡಿಯಷ್ಟು ಮುಂದೆ ಸರಿದುದರಿಂದ ತನ್ನ ಟ್ರ್ಯಾಕ್ಟರಿನ ಕಡೆಗೆ ಹೋದ. ಅವನ ಸರದಿಗೆ ಇನ್ನೂ ಎಷ್ಟೋ ಗಂಟೆಗಳಿದ್ದವು. ಕಾಯುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ತಾಳ್ಮೆಯೆಂದರೆ ಸುಮ್ಮನೆ ಸಹಿಸಿಕೊಂಡಿರುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ತಿರುವು ಕಾಣುವ ಮೊದಲೇ ವೇಗ ತಗ್ಗಿಸಿಕೊಂಡಿರುವುದು ತಾಳ್ಮೆ. ಅದನ್ನು ನಾಳೆಯೂ ನಾಡಿದ್ದೂ ಅದೇ ಜಾಗದಲ್ಲಿ ಮಾಡುವುದು ಸ್ಥಿರತೆ. ಕೋಪ ಬಂದಮೇಲೆ ತಡೆಯಲು ಹೋದರೆ ಹಿಡಿತವೆಲ್ಲ ಅದಕ್ಕೇ ಖರ್ಚಾಗಿ, ಎದುರಿಗಿರುವವನ ಕಡೆಗೆ ತಿರುಗಲು ನಮ್ಮಲ್ಲಿ ಏನೂ ಉಳಿದಿರುವುದಿಲ್ಲ.

ಮೊಮ್ಮಗ ರಜೆ ಮುಗಿಸಿ ಹೋದ. ಚಕ್ರವನ್ನು ನನಗೇ ಬಿಟ್ಟುಹೋಗಿದ್ದಾನೆ. ಬೆಳಿಗ್ಗೆ ಕರೆಂಟು ಇದ್ದರೆ ಹತ್ತು ಸುತ್ತು ಹೋಗಿ, ಹಾಜರಿ ಪುಸ್ತಕದಲ್ಲಿ ಬರೆದಿಡುತ್ತೇನೆ. ಸಂಜೆ ನೆರೆಮನೆಯ ಹುಡುಗಿಯೊಬ್ಬಳು ಹಳಗನ್ನಡದ ಪಾಠ ಹೇಳಿಸಿಕೊಳ್ಳಲು ಅದೇ ಮೇಜಿಗೆ ಬರುತ್ತಾಳೆ. ಪದ್ಯದ ನಡುವೆ ಅವಳು ನಿಲ್ಲುತ್ತಾಳೆ. ಮುಂದಿನ ಮಾತು ನನ್ನ ನಾಲಗೆಯ ತುದಿಗೆ ಬಂದಿರುತ್ತದೆ. ನಾನು ಎರಡು ಕೈಗಳನ್ನೂ ಮಂಡಿಯ ಮೇಲಿಟ್ಟುಕೊಂಡು ಕುಳಿತಿರುತ್ತೇನೆ.